ಹೊಸ ಕಾವಲಿ

ಊಟಕ್ಕೆ ಬರುತ್ತೇನೆಂದು ಮಗಳು ಫೋನು ಮಾಡಿದಾಗ ಕಸಾಯಿ ತನ್ನ ಅಂಗಡಿಯಲ್ಲಿ ಕುರಿಯ ತೊಡೆ ಬಿಡಿಸುತ್ತಿದ್ದ. ಕೈ ಒರೆಸಿಕೊಳ್ಳದೆ ಎತ್ತಿದ್ದರಿಂದ ಫೋನು ಜಾರಿ ಮರದ ಕೊರಡಿನ ಮೇಲೆ ಬಿತ್ತು. ಮನೆ ಬಿಟ್ಟು ಹೋದಮೇಲೆ ಮಗಳು ಅಲ್ಲಿ ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ. ತಾಯಿ ಸತ್ತಾಗ ಬಂದವಳು ಸಹ ಕೈಚೀಲದಲ್ಲಿದ್ದ ತನ್ನದೇ ಬಾಟಲಿಯ ನೀರು ಕುಡಿದು, ಬಾಗಿಲಿನಿಂದಲೇ ಹೊರಟುಹೋಗಿದ್ದಳು. ಈಗ ತಾನಾಗಿಯೇ ಬರುತ್ತಾಳಂತೆ, ಅದೂ ತನ್ನ ಅಡುಗೆ ತರಗತಿಯವರನ್ನೆಲ್ಲ ಕಟ್ಟಿಕೊಂಡು. ಕಸಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಲಿನ ಹೆಸರೆತ್ತಬಾರದ ಕತೆ ಇದು, ಆದರೂ ಆಯಿತು.

ಮಗಳ ಕಸುಬು ವೀಗನ್ ಅಡುಗೆ ಕಲಿಸುವುದು. ಮಾಂಸ, ಮೊಟ್ಟೆ ಹಾಗಿರಲಿ, ಹಾಲು, ಬೆಣ್ಣೆ, ಜೇನು ಕೂಡ ಹತ್ತಿರ ಸುಳಿಯಬಾರದು. ದಿನದ ಊಟಕ್ಕೂ ಸೈ, ನಾಲ್ಕು ಜನ ಸೇರಿದಾಗಲೂ ಸೈ, ಯಾರು ಬೇಕಾದರೂ ಮನೆಯಲ್ಲೇ ಸುಲಭವಾಗಿ ಮಾಡಬಹುದು ಎಂದು ವಿಡಿಯೋಗಳಲ್ಲಿ ನಗುನಗುತ್ತ ಹೇಳುತ್ತಿದ್ದಳು. ಕಸಾಯಿ ಅವನ್ನೆಲ್ಲ ಬಿಡದೆ ನೋಡುತ್ತಿದ್ದ. ಅಡುಗೆ ಅವನ ತಲೆಗೆ ಹೋಗುತ್ತಿರಲಿಲ್ಲ, ಅವನು ನೋಡುತ್ತಿದ್ದದ್ದು ಆ ನಗುವನ್ನು.

ವರ್ಷಕ್ಕೊಮ್ಮೆ ತರಗತಿಯವರೆಲ್ಲ ಒಂದು ಕಡೆ ಸೇರಿ ಉಣ್ಣುವುದು ಅವಳು ಮಾಡಿಕೊಂಡು ಬಂದಿದ್ದ ರೂಢಿ. ಈ ಸಲ ಅಪ್ಪನ ಮನೆಯಲ್ಲಾದರೆ ಚೆನ್ನ, ಕಸಾಯಿ ಮನೆಯಲ್ಲಿ ವೀಗನ್ ಊಟವೆಂದರೆ ಎಲ್ಲರಿಗೂ ಕುತೂಹಲ ಎಂದಳು. ಅಡುಗೆ ತಾವೇ ತರುತ್ತೇವೆ, ಜಾಗ ಕೊಟ್ಟರೆ ಸಾಕು ಎಂದಳು. ಬೇರೆ ಯಾರಿಗಾದರೂ ತನ್ನನ್ನು ಪ್ರದರ್ಶನಕ್ಕಿಡುತ್ತಿದ್ದಾರೆಂದು ಅಲ್ಲಿಗೇ ಹೊಳೆಯುತ್ತಿತ್ತು. ಇವನಿಗೆ ಹೊಳೆಯಲಿಲ್ಲ. ಮಕ್ಕಳ ವಿಷಯದಲ್ಲಿ ಅಪ್ಪಂದಿರ ತಲೆ ಓಡುವುದು ಅಷ್ಟಕ್ಕಷ್ಟೇ.

"ತರೋದು ಗಿರೋದು ಏನೂ ಬೇಡ," ಅಂದ. "ನಾನೇ ಮಾಡ್ತೀನಿ. ನಿನ್ನ ವಿಡಿಯೋ ನೋಡ್ಕೊಂಡೇ ಮಾಡ್ತೀನಿ."

"ಹಾಗಾದ್ರೆ ನಿಮ್ಮ ಪಾತ್ರೆ ಒಂದೂ ಬೇಡ. ಎಲ್ಲಾ ಹೊಸದಾಗಿರ್ಬೇಕು," ಅಂದಳು. ಚಿಕ್ಕಂದಿನಲ್ಲಿ ಅಪ್ಪನನ್ನು ನೀನು ಎನ್ನುತ್ತಿದ್ದವಳು ಮನೆ ಬಿಟ್ಟ ಮೇಲೆ ನೀವು ಎನ್ನತೊಡಗಿದ್ದಳು. ಆ ಮರ್ಯಾದೆ ಕಸಾಯಿಗೆ ಪ್ರತಿ ಸಲವೂ ಚುಚ್ಚುತ್ತಿತ್ತು.

ಮರುದಿನದಿಂದ ಅಂಗಡಿ ಅರ್ಧ ಹೊತ್ತಿಗೇ ಮುಚ್ಚಿತು. ಅಡುಗೆಮನೆಯ ಗೋಡೆ ಉಜ್ಜಿದ, ಕಿಟಕಿಯ ಸರಳು ಉಜ್ಜಿದ, ಕೊನೆಗೆ ಬೆರಳ ಸಂದಿಯೆಲ್ಲ ಕೆಂಪಾಗುವಷ್ಟು ತನ್ನ ಕೈಯನ್ನೇ ಉಜ್ಜಿಕೊಂಡ. ಹಳೆಯ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಂಗಡಿಗೆ ಸಾಗಿಸಿ ಹೊಸ ಪಾತ್ರೆ, ಹೊಸ ಸೌಟು, ಹೊಸ ತಟ್ಟೆ ತಂದ. ಇಷ್ಟೆಲ್ಲ ಆದರೂ ಅಡುಗೆ ಒಲಿಯಬೇಕಲ್ಲ. ಕುಂಬಳಕಾಯಿ ಸೂಪು ಹೇಗೋ ದಾರಿಗೆ ಬಂತು. ಕಡಲೆಬೀಜ ಅರೆದು ನಿಂಬೆಹಣ್ಣು ಹಿಂಡುವ ಚಟ್ನಿಯೂ ಬಂತು. ಕೈಕೊಟ್ಟದ್ದು ಬೀನ್ಸ್ ಕಾಳಿನ ಬಿಲ್ಲೆ. ಬೇಯಿಸಿದ ಕಾಳು ಹಿಸುಕಿ, ಈರುಳ್ಳಿ ಸೇರಿಸಿ, ಮೊಟ್ಟೆಯ ಬದಲು ನೆನೆದ ಅಗಸೆಬೀಜದ ಲೋಳೆ ಹಾಕಿ, ತಟ್ಟಿ ಸುಡಬೇಕು. ಮಗಳ ವಿಡಿಯೋದಲ್ಲಿ ಅದು ಹೇಳಿದ ಮಾತು ಕೇಳಿಕೊಂಡು ಮಗುಚಿಕೊಳ್ಳುತ್ತಿತ್ತು. ಇವನ ಕೈಯಲ್ಲಿ ಅರ್ಧ ಪಾತ್ರೆಗೆ ಅಂಟಿ, ಅರ್ಧ ಸೌಟಿಗೆ ಅಂಟಿ, ಉಳಿದ ಚೂರುಪಾರು ಮೀನಿನವನ ಪಾಲಾಗುತ್ತಿತ್ತು.

ಮೀನಿನವನದು ಪಕ್ಕದ ಮಳಿಗೆ. ಹಳೆಯ ಸ್ನೇಹಿತ, ಬಾಯಿಗೆ ಬಂದದ್ದು ಆಡುವ ಮನುಷ್ಯ. "ಅಣ್ಣಾ, ಇದನ್ನ ಗೋಡೆ ಬಿರುಕಿಗೆ ಮೆತ್ತಿದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ," ಅಂದ. ದಿನಾ ಸಂಜೆ ಅದನ್ನೇ ತಿಂದು ತಿಂದು ಕೊನೆಗೆ ಅವನಿಗೇ ಅಯ್ಯೋ ಅನ್ನಿಸಿತು. ದೋಷ ಕಾಳಿನದ್ದಲ್ಲ, ಪಾತ್ರೆಯದ್ದು, ಕಬ್ಬಿಣದ ಕಾವಲಿಯ ಮೇಲೆ ಸುಟ್ಟರೆ ಅಂಟುವುದಿಲ್ಲ ಎಂದು ಬುದ್ಧಿ ಹೇಳಿದ.

ಹಾಗೆ ಬಂತು ಹೊಸ ಕಾವಲಿ. ಎತ್ತಲು ಎರಡು ಕೈ ಬೇಕಾಗುವಂಥ ದಪ್ಪ ಕಬ್ಬಿಣದ್ದು. ಹೊಸ ಕಬ್ಬಿಣವನ್ನು ಪಳಗಿಸದೆ ಅಡುಗೆಗೆ ಇಡಬಾರದೆಂದು ಕಸಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೂಟದ ಹಿಂದಿನ ಸಂಜೆ ಅದನ್ನು ಹೊಗೆಯಾಡುವಷ್ಟು ಕಾಯಿಸಿ, ಬಟ್ಟೆಯಿಂದ ಸವರಿ, ಆರಲು ಬಿಟ್ಟು, ಮತ್ತೆ ಕಾಯಿಸಿ, ಮತ್ತೆ ಸವರಿದ. ಕೈ ತನ್ನ ಪಾಡಿಗೆ ಸವರುತ್ತಿತ್ತು, ತಲೆ ಮಾತ್ರ ಮಗಳನ್ನು ಎಲ್ಲಿ ಕೂರಿಸಲಿ ಎಂದು ಯೋಚಿಸುತ್ತಿತ್ತು. ಮೇಜಿನ ತುದಿಯ ಕುರ್ಚಿ ಅವಳ ತಾಯಿಯದು. ಅದರಲ್ಲೇ ಕೂರಲಿ ಎಂದುಕೊಂಡ. ಅವಳು ಈ ಮನೆಯಲ್ಲಿ ಒಂದು ಹೊತ್ತು ಉಂಡರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವನ ನಂಬಿಕೆ.

ಮಾರನೆಯ ಮಧ್ಯಾಹ್ನ ವ್ಯಾನು ಬಂದು ನಿಂತಿತು. ಇಳಿದವರೆಲ್ಲ ಅಂಕಲ್ ಅಂಕಲ್ ಎಂದು ಬಾಯ್ತುಂಬ ಮಾತಾಡಿಸುತ್ತ, ಕಣ್ಣಲ್ಲಿ ಮಾತ್ರ ಗೋಡೆಯ ಮೇಲೆ ರಕ್ತದ ಕಲೆ ಹುಡುಕುತ್ತಿದ್ದರು. ಮಗಳು ನೆಟ್ಟಗೆ ಅಡುಗೆಮನೆಗೆ ನಡೆದಳು. ಎಣ್ಣೆಯ ಬಾಟಲಿ ತಿರುಗಿಸಿ ಓದಿದಳು, ಸೂಪಿನ ಪಾತ್ರೆಯ ಬಳಿ ಮೂಗು ತಂದಳು, ಸೌಟಿನ ಹಿಡಿಯನ್ನು ಉಗುರಿನಿಂದ ಕೆರೆದು ನೋಡಿದಳು.

"ಎಲ್ಲಾ ಹೊಸದಾ?"

"ಎಲ್ಲಾ ಹೊಸದು ಮಗಳೇ," ಅಂದ ಕಸಾಯಿ, ಎದೆಯುಬ್ಬಿಸಿ.

ಕಾವಲಿಯ ಮೇಲೆ ಬಿಲ್ಲೆಗಳು ಆಗಲೇ ಕೆಂಪಗಾಗುತ್ತಿದ್ದವು, ಮನೆಯೆಲ್ಲ ಈರುಳ್ಳಿಯ ಘಮ. ಅವಳು ಅದನ್ನೊಮ್ಮೆ ನೋಡಿ ತಲೆಯಾಡಿಸಿ, ಊಟದ ಕೋಣೆಗೆ ಹೋಗಿ ಯಾರೂ ಹೇಳದೆ ತಾಯಿಯ ಕುರ್ಚಿಯಲ್ಲೇ ಕೂತಳು. ಕಸಾಯಿ ಬಡಿಸಿದ. ಮಗಳು ಬಿಲ್ಲೆ ಮುರಿದು ಬಾಯಿಗಿಟ್ಟು, ಒಂದು ಸಲ ಅಗಿದು, ನಿಲ್ಲಿಸಿದಳು. ತಟ್ಟೆ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ಅಷ್ಟರಲ್ಲಿ ಸುತ್ತಲಿನವರು ಏನು ರುಚಿ, ಏನು ಗರಿಗರಿ ಎಂದು ಗದ್ದಲವೆಬ್ಬಿಸಿದ್ದರು. ಅವಳು ನುಂಗಿದಳು. ತಟ್ಟೆಯಲ್ಲಿದ್ದದ್ದನ್ನೆಲ್ಲ ಮೆಲ್ಲಗೆ ತಿಂದು ಮುಗಿಸಿದಳು. ಕಸಾಯಿಯ ಕಣ್ಣು ತುಂಬಿ ಬಂತು, ಯಾರಿಗೂ ಕಾಣಬಾರದೆಂದು ಒಳಗೆ ಓಡಿದ.

ಎರಡನೆಯ ಸುತ್ತಿಗೆ ಬಿಲ್ಲೆ ತಟ್ಟಿ ನೋಡಿದರೆ ಕಾವಲಿ ಒಣಗಿತ್ತು. ಸವರಲು ಅವನ ಕೈ ತಾನಾಗಿ ಒಲೆಯ ಕೆಳಗಿನ ಗೂಡಿಗೆ ಹೋಯಿತು. ಬಾಗಿಲು ತೆರೆದು, ಡಬ್ಬಿಯಲ್ಲಿದ್ದ ಬಟ್ಟೆಯನ್ನು ಎತ್ತಿಕೊಂಡ. ಎತ್ತಿಕೊಂಡವನು ಹಾಗೆಯೇ ನಿಂತ. ಅದು ಕರಗಿಸಿಟ್ಟ ಕುರಿಯ ಕೊಬ್ಬಿನ ಡಬ್ಬಿ. ಕಸಾಯಿಯ ಅಪ್ಪನ ಕಾಲದಿಂದಲೂ ಆ ಮನೆಯಲ್ಲಿ ಕತ್ತಿಯ ಅಲಗಿಗೆ, ಮರದ ಕೊರಡಿಗೆ, ಕಾವಲಿಗೆ, ಎಲ್ಲಕ್ಕೂ ಸವರುತ್ತಿದ್ದದ್ದು ಅದನ್ನೇ. ಪಾತ್ರೆಗಳನ್ನೆಲ್ಲ ಹೊರಗೆ ಹಾಕಿದವನಿಗೆ ಈ ಡಬ್ಬಿಯ ನೆನಪೇ ಆಗಿರಲಿಲ್ಲ. ದಿನಾ ಕೈಯಲ್ಲಿರುವ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ನಿನ್ನೆ ಸಂಜೆ ಮಗಳ ಕುರ್ಚಿಯ ಚಿಂತೆ ಮಾಡುತ್ತ ಹೊಸ ಕಾವಲಿಗೆ ಕುಡಿಸಿದ್ದು ಇದನ್ನು.

ಹೇಳಿಬಿಡಬೇಕು. ಅವಳೊಬ್ಬಳನ್ನೇ ಒಳಗೆ ಕರೆದು, ತಪ್ಪಾಯಿತು ಎಂದು ಕಾಲು ಹಿಡಿದಾದರೂ ಹೇಳಿಬಿಡಬೇಕು. ಬಟ್ಟೆಯನ್ನು ಡಬ್ಬಿಗೆ ಎಸೆದು ಊಟದ ಕೋಣೆಯ ಬಾಗಿಲಿಗೆ ಬಂದ.

ಅಲ್ಲಿ ಮಗಳು ಎದ್ದು ನಿಂತು ಮಾತಾಡುತ್ತಿದ್ದಳು. ಯಾರೋ ಕುರಿಮರಿಯ ಕತೆ ಹೇಳಿ ಎಂದು ಪೀಡಿಸಿದ್ದರು. ಪ್ರತಿ ತರಗತಿಯೂ ಶುರುವಾಗುತ್ತಿದ್ದದ್ದು ಆ ಕತೆಯಿಂದ, ಅವಳ ಅಡುಗೆಗಿಂತ ಹೆಚ್ಚು ಹೆಸರಾಗಿದ್ದದ್ದೂ ಅದೇ. ಅವಳು ಚಿಕ್ಕವಳಿದ್ದಾಗ ಅಂಗಡಿಗೆ ಬಂದ ಹಿಂಡಿನಲ್ಲಿ ಒಂದು ಕುಂಟ ಮರಿ ಇತ್ತು. ಕುಂಟಿ ಎಂದು ಹೆಸರಿಟ್ಟು ಅದನ್ನು ಹಿತ್ತಿಲಲ್ಲಿ ಸಾಕಿದಳು. ಒಂದು ದಿನ ಶಾಲೆಯಿಂದ ಬಂದಾಗ ಕುಂಟಿ ಇರಲಿಲ್ಲ. ತೋಟವಿರುವವರು ಸಾಕಲು ಒಯ್ದರು ಎಂದ ಅಪ್ಪ. ಆವತ್ತು ನೆಂಟರು ಬಂದಿದ್ದರು, ಊಟ ಜೋರಾಗಿತ್ತು, ಹುಡುಗಿ ಎರಡನೇ ಸಲ ಕೇಳಿ ಬಡಿಸಿಕೊಂಡಿದ್ದಳು.

ಮಗಳು ಅಲ್ಲಿಗೆ ನಿಲ್ಲಿಸಿ ಬಾಗಿಲತ್ತ ನೋಡಿದಳು. ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು.

"ಮಗಳೇ, ಸ್ವಲ್ಪ ಒಳಗೆ ಬಾ. ಒಂದು ಮಾತು ಹೇಳ್ಬೇಕು," ಅಂದ ಕಸಾಯಿ.

"ಮೊದ್ಲು ಇದನ್ನ ಹೇಳಿ ಅಪ್ಪ. ನಾನು ಎರಡನೇ ಸಲ ಬಡಿಸ್ಕೊಂಡಾಗ ಏನು ಕೇಳಿದ್ರಿ? ನಿಮ್ಮ ಬಾಯಿಂದಲೇ ಎಲ್ಲರೂ ಕೇಳ್ಲಿ."

"ಅದೆಲ್ಲ ಈಗ್ಯಾಕೆ?"

"ಆವತ್ತು ನೆಂಟರ ಮುಂದೆ ಕೇಳೋಕೆ ನಾಚಿಕೆ ಆಗ್ಲಿಲ್ವಲ್ಲ. ಹೇಳಿ."

"ಕುಂಟಿ ರುಚಿಯಾಗಿದ್ಯಾ ಅಂತ ಕೇಳಿದೆ."

ಹತ್ತಿರ ಕೂತಿದ್ದ ಹೆಂಗಸೊಬ್ಬಳು ಕುರ್ಚಿಯನ್ನು ಅವನಿಂದ ದೂರ ಎಳೆದುಕೊಂಡಳು. ಇನ್ನೊಬ್ಬಾಕೆ ಫೋನು ಎತ್ತಿ ಹಿಡಿದು, ಅಂಕಲ್, ಅದನ್ನು ಇನ್ನೊಂದು ಸಲ ಹೇಳ್ತೀರಾ ಎಂದು ಮೆಲ್ಲಗೆ ಕೇಳಿದಳು. ಮಗಳು ವಿಡಿಯೋದಲ್ಲಿ ನಗುವ ನಗೆಯನ್ನೇ ನಗುತ್ತ ನಿಂತಿದ್ದಳು. ಅವನು ಇನ್ನೊಂದು ಸಲ ಹೇಳಿದ.

ಅವಳು ಅತ್ತದ್ದು ಅವನಿಗೆ ನೆನಪಿತ್ತು. ನೆಂಟರೊಂದಿಗೆ ತಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ನೆನಪಿತ್ತು. ಆ ತಮಾಷೆ ಅವನ ಮನೆತನದಲ್ಲಿ ಬಂದದ್ದು. ಅವನ ಅಪ್ಪ ಅವನಿಗೂ ಒಂದು ಕರುವಿನ ವಿಷಯದಲ್ಲಿ ಹಾಗೇ ಮಾಡಿದ್ದ, ಅತ್ತದ್ದಕ್ಕೆ ಎರಡು ಬಾರಿಸಿಯೂ ಇದ್ದ. ಕಸಾಯಿ ಮಕ್ಕಳ ಮನಸ್ಸು ಗಟ್ಟಿಯಾಗುವುದು ಹಾಗೆಯೇ ಎಂದು ಅವನು ತಿಳಿದಿದ್ದ. ಅದನ್ನು ಅವಳು ಊರಿಗೆಲ್ಲ ಮಾರಿಕೊಂಡು ಉಣ್ಣುತ್ತಿದ್ದಾಳೆ, ಈಗ ತನ್ನದೇ ಮನೆಗೆ ಬಂದು ತನ್ನ ಬಾಯಿಂದಲೇ ಹೇಳಿಸುತ್ತಿದ್ದಾಳೆ. ಅವನ ಮೈಯೆಲ್ಲ ಉರಿಯಿತು. ಹೇಳಬೇಕೆಂದು ಬಂದದ್ದನ್ನು ಬಿಟ್ಟ.

"ಇನ್ನೆರಡು ಬಿಸಿಬಿಸಿ ತರ್ತೀನಿ ಇರು," ಅಂದು ಒಳಗೆ ಹೋದ.

ಗೂಡಿನ ಬಾಗಿಲು ತೆರೆದೇ ಇತ್ತು. ಈ ಸಲ ಕೈ ತಾನಾಗಿ ಹೋಗಲಿಲ್ಲ, ಅವನೇ ಕಳಿಸಿದ. ಬಟ್ಟೆಯನ್ನು ಡಬ್ಬಿಯ ತಳದವರೆಗೂ ಅದ್ದಿ ಕಾವಲಿಗೆ ದಟ್ಟವಾಗಿ ಸವರಿದ. ಬಿಲ್ಲೆಗಳು ಚುರ್ ಎಂದು, ಎಳ್ಳಷ್ಟೂ ಅಂಟದೆ, ಹೊಂಬಣ್ಣಕ್ಕೆ ತಿರುಗಿದವು. ಬೇರೆ ಯಾರಿಗೂ ಹಾಕದೆ ಎರಡನ್ನೂ ಮಗಳ ತಟ್ಟೆಗೆ ಹಾಕಿದ.

"ತಿನ್ನು ಮಗಳೇ. ನಿನಗೋಸ್ಕರ ಮಾಡಿದ್ದು."

ಅವಳು ಅಪ್ಪನ ಕಣ್ಣಿನಿಂದ ಕಣ್ಣು ತೆಗೆಯದೆ ಎರಡನ್ನೂ ತಿಂದಳು. ಕೊನೆಯ ತುಣುಕಿನಿಂದ ತಟ್ಟೆಯ ಜಿಡ್ಡನ್ನೂ ಒರೆಸಿ ಬಾಯಿಗಿಟ್ಟಳು. ಕಸಾಯಿಗೆ ಗೆದ್ದೆ ಅನ್ನಿಸಿತು. ಆ ಅನ್ನಿಸಿಕೆ ಅವಳು ಕೈ ತೊಳೆದು ಬರುವವರೆಗೂ ಉಳಿಯಲಿಲ್ಲ.

ಹೊರಡುವಾಗ ಎಲ್ಲರನ್ನೂ ವ್ಯಾನಿಗೆ ಕಳಿಸಿ ಅವಳೊಬ್ಬಳೇ ಹೊಸ್ತಿಲಲ್ಲಿ ನಿಂತಳು.

"ಕಾವಲಿಗೆ ಕುರಿ ಕೊಬ್ಬು ಸವರಿದೀಯ," ಅಂದಳು. "ಮೊದಲನೇ ತುತ್ತಿಗೇ ಗೊತ್ತಾಯ್ತು. ಆ ವಾಸನೆಯಲ್ಲೇ ಬೆಳೆದವಳು ನಾನು."

ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಕಸಾಯಿಗೆ ನೀನು ಎಂಬ ಮಾತು ಕೇಳಿಸಿತು.

"ಮರೆತು ಹಚ್ಚಿದಾನೆ, ಪಾಪ, ವಯಸ್ಸಾಯ್ತು ಅಂದ್ಕೊಂಡೆ. ಅಷ್ಟು ಜನದ ಮುಂದೆ ನಿನ್ನ ಮಾನ ಯಾಕೆ ಕಳೀಬೇಕು ಅಂತ ನುಂಗಿದೆ. ಮುಂದಿನ ವಾರ ಬರುವಾಗ ನಾನೇ ಒಂದು ಕಾವಲಿ ತಂದು ಕೊಡೋಣ ಅಂದ್ಕೊಂಡೆ."

"ಮರೆತೇ ಹಚ್ಚಿದ್ದು ಮಗಳೇ. ನಿನ್ನಾಣೆಗೂ. ಹೇಳೋಕೇ ಬಂದಿದ್ದೆ."

"ಗೊತ್ತು. ಬಾಗಿಲಲ್ಲಿ ನಿಂತಾಗ ನಿನ್ನ ಮುಖ ನೋಡಿದ್ರೇನೇ ಗೊತ್ತಾಗ್ತಿತ್ತು."

"ಮತ್ತೆ ಯಾಕೆ ಹೇಳೋಕೆ ಬಿಡ್ಲಿಲ್ಲ?"

"ಚುಚ್ಚಿದ್ರೆ ಏನ್ಮಾಡ್ತೀಯ ಅಂತ ನೋಡ್ಬೇಕಿತ್ತು. ಹೇಳ್ತೀಯೋ, ಬಡಿಸ್ತೀಯೋ ಅಂತ."

ವ್ಯಾನಿನ ಹಾರನ್ ಕೇಳಿಸಿತು. ಗೊತ್ತಿದ್ದೂ ಆ ಎರಡನ್ನು ಯಾಕೆ ತಿಂದೆ ಎಂದು ಕಸಾಯಿ ಕೇಳಿದ, ಕೇಳಿದ್ದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಉಗುಳಿದ್ದರೆ ಅವರೆಲ್ಲರಿಗೂ ತಾವು ತಿಂದದ್ದೇನೆಂದು ತಿಳಿಯುತ್ತಿತ್ತು, ತನ್ನ ತರಗತಿ ಇವತ್ತಿಗೇ ಮುಚ್ಚುತ್ತಿತ್ತು ಎಂದಳು. "ನಾನೂ ಕಸಾಯಿ ಮಗಳೇ. ವ್ಯಾಪಾರ ಗೊತ್ತು ನನಗೆ." ಕರವಸ್ತ್ರದಿಂದ ತುಟಿ ಒರೆಸಿಕೊಂಡು, ಅದನ್ನು ಮಡಿಸಿ ಹೊಸ್ತಿಲ ಮೇಲಿಟ್ಟು, ಮೆಟ್ಟಿಲಿಳಿದಳು. ವ್ಯಾನು ಹತ್ತುವಾಗ ಮುಖದ ಮೇಲೆ ಆಗಲೇ ಆ ನಗು ಬಂದು ಕೂತಿತ್ತು.

ಸಂಜೆ ಮೀನಿನವನು ಅಂಗಡಿ ಮುಚ್ಚಿ ನೇರ ಇಲ್ಲಿಗೇ ಬಂದ. ಕಸಾಯಿ ತಣ್ಣಗಾದ ಕಾವಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಜಿನ ಬಳಿ ಕೂತಿದ್ದ. ಮೀನಿನವನು ಕಾವಲಿಯ ಹೊಳಪು ನೋಡಿ, ತಾನು ಕೊಟ್ಟ ಸಲಹೆಗೆ ತಾನೇ ಬೆನ್ನು ತಟ್ಟಿಕೊಂಡು, ಉಳಿದಿದ್ದ ಬಿಲ್ಲೆಯೊಂದನ್ನು ಬಾಯಿಗೆ ಹಾಕಿಕೊಂಡ. ಅವನ ಹುಬ್ಬು ಮೇಲೇರಿತು.

"ಅಬ್ಬಾ, ಕೊನೆಗೂ ಹದ ಸಿಕ್ತಲ್ಲಣ್ಣಾ. ಮಗಳು ಉಂಡ್ಳಾ?"

"ಉಂಡ್ಳು."

"ಎರಡನೇ ಸಲ ಕೇಳಿ ಬಡಿಸ್ಕೊಂಡ್ಳಾ?"

"ಕೇಳ್ಲಿಲ್ಲ," ಅಂದ ಕಸಾಯಿ. "ನಾನೇ ಬಡಿಸಿದೆ."