ಮಂಗಳವಾರದ ಆಂಟೆನಾ

ಆರ್ಡಿಸ್ ಗಂಡ ವೆಂಡೆಲನ ಬೂದಿಯ ಪೆಟ್ಟಿಗೆಯನ್ನು ಗಾಲ್ಫ್ ಗಾಡಿಯ ಸೀಟಿಗೆ ಅವನ ಸೊಂಟದ ಬೆಲ್ಟಿನಿಂದಲೇ ಬಿಗಿಯುತ್ತಿದ್ದಳು. ಕೊನೆಯ ತೂತಿಗೆ ಸಿಕ್ಕಿಸಿದರೂ ಪೆಟ್ಟಿಗೆ ಅಲ್ಲಾಡಿತು. ಬದುಕಿದ್ದಾಗ ಇದೇ ಬೆಲ್ಟು ಅವನ ಹೊಟ್ಟೆಗೆ ಸಾಲದೆ ಬಂದು, ಅವಳೇ ಮೊಳೆಯಿಂದ ಹೊಸ ತೂತು ಮಾಡಿಕೊಟ್ಟಿದ್ದಳು.

"ಮಡಿಲಲ್ಲಿ ಇಟ್ಕೊಂಡ್ರೆ ಏನಾಗತ್ತೆ?" ಎಂದಳು ನಾದಿನಿ ಲಾವೊನ್.

"ನಾನು ಗಾಡಿ ಓಡಿಸ್ಬೇಕಲ್ಲ."

"ನನ್ನ ಮಡಿಲಲ್ಲಿ ಇಡ್ಬಹುದಿತ್ತು. ನನ್ನ ಅಣ್ಣ ತಾನೇ?"

ಆರ್ಡಿಸ್ ಬೆಲ್ಟು ಬಿಚ್ಚಿ ಪೆಟ್ಟಿಗೆಯನ್ನು ಅವಳ ಮಡಿಲಿಗಿಟ್ಟಳು. ಉತ್ತರ ಡಕೋಟಾದಿಂದ ನಿನ್ನೆ ಸಂಜೆ ವಿಮಾನದಲ್ಲಿ ಬಂದಿಳಿದ ಲಾವೊನ್ ಇನ್ನೂ ಉಣ್ಣೆಯ ಕೋಟಿನಲ್ಲೇ ಇದ್ದಳು. ಫೆಬ್ರವರಿಯಾದರೂ ಅರಿಜೋನಾದ ಬಿಸಿಲು ಆಗಲೇ ಸುಡುತ್ತಿತ್ತು. ನಿವೃತ್ತರು ಚಳಿಗಾಲ ಕಳೆಯಲು ಬಂದು ತಂಗುವ ಆ ಪಾರ್ಕಿನ ದಾರಿಯ ಎರಡೂ ಬದಿಗೆ ಚಕ್ರದ ಮೇಲಿನ ಮನೆಗಾಡಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮಾಡಿನ ಮೇಲೂ ಒಂದೊಂದು ಆಂಟೆನಾ.

"ಅದೇನಾ ಅವನು ಹತ್ತಿದ್ದು? ಅಂಥದ್ದೇನಾ?" ಎಂದಳು ಲಾವೊನ್.

"ಹೂಂ."

"ಎಪ್ಪತ್ತಾರು ವರ್ಷದ ಮನುಷ್ಯನ್ನ ಮಾಡು ಹತ್ತಿಸೋದು ಅಂದ್ರೆ! ಅದೂ ಟೀವಿಗೆ."

"ನಾನು ಹತ್ತಿಸ್ಲಿಲ್ಲ, ಲಾವೊನ್."

"ಮತ್ತೆ? ಅವನೇ ಹಾರ್ಕೊಂಡು ಹೋದ್ನಾ?"

ಲಾವೊನ್‌ಗೆ ದುಃಖ ಬಂದರೆ ಅದು ಯಾರದಾದರೂ ತಪ್ಪಾಗಿಯೇ ಬರುತ್ತದೆ. ಆರ್ಡಿಸ್‌ಗೆ ಇದು ಮದುವೆಯಾದ ವರ್ಷದಿಂದ ಗೊತ್ತು. ಇಷ್ಟು ವರ್ಷ ಆ ಮಾತುಗಳನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳಿಗೆ ಇವತ್ತು ಮಾತ್ರ ಅದು ನಾಟಿತು. ಯಾಕೆಂದರೆ ಹತ್ತು ಎಂದವಳು ಅವಳೇ. ಗಂಡನಿಗೆ ಅವಳು ಆಡಿದ ಕಡೆಯ ಮಾತುಗಳೆಲ್ಲ ಬರೀ ಅಪ್ಪಣೆಗಳು. ಐದು ದಿನದಿಂದ ಅವಳ ಗಂಟಲಲ್ಲಿ ಅನ್ನ ಇಳಿಯದಿದ್ದದ್ದು ಅದಕ್ಕೇ.

*

ಕಳೆದ ಮಂಗಳವಾರ, ಸಂಜೆ ನಾಲ್ಕು. ಆರ್ಡಿಸ್ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದು, ತನ್ನ ಪ್ರಶ್ನೋತ್ತರದ ಕಾರ್ಯಕ್ರಮಕ್ಕೆ ಕೂತಳು. ಕೂತ ಎರಡು ನಿಮಿಷಕ್ಕೆ ಪ್ರಶ್ನೆ ಕೇಳುವವನ ಮುಖ ಚೌಕ ಚೌಕವಾಗಿ ಒಡೆಯಿತು. ಗಲ್ಲ ಒಂದು ಕಡೆ, ಟೈ ಇನ್ನೊಂದು ಕಡೆ.

"ವೆಂಡೆಲ್! ಹೋಯ್ತು ನೋಡು!"

"ಇವತ್ತು ಮಂಗಳವಾರ ಅಲ್ವಾ," ಎಂದ ವೆಂಡೆಲ್, ಪತ್ರಿಕೆಯಿಂದ ತಲೆಯೆತ್ತದೆ. "ವಿಮಾನಗಳು ಹಾರ್ತಿರ್ತವೆ, ಸಿಗ್ನಲ್ ಕೆಡತ್ತೆ. ದಿಕ್ಕು ಬದಲಾಯಿಸ್ಬೇಕು."

"ಹಾಗಾದ್ರೆ ಹತ್ತು. ಎಷ್ಟು ಹೊತ್ತು ಕೂತಿರ್ತೀಯ?"

"ಈ ಮನೇಲಿ ಮುದುಕನಿಗೆ ಒಂದು ಗಳಿಗೆ ನೆಮ್ಮದಿ ಇಲ್ಲ," ಎಂದು ನರಳುತ್ತ ಅವನು ಹ್ಯಾಟು ಹಾಕಿಕೊಂಡು ಹೋದ. ಹಿಂಬದಿಯ ಏಣಿ ಕಿರುಗುಟ್ಟಿತು. ಆಮೇಲೆ ತಲೆಯ ಮೇಲೆ ಅವನ ಹೆಜ್ಜೆಗಳು.

"ಬಂತಾ?"

"ಇಲ್ಲ!"

"ಈಗ?"

"ಬಂತು... ಅಯ್ಯೋ, ಹೋಯ್ತು! ಎಡಕ್ಕೆ!"

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಎಡ ಯಾರದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಚಿತ್ರ ತೊಳೆದ ಹಾಗೆ ಸ್ವಚ್ಛವಾಯಿತು.

"ಬಂತು, ಬಂತು! ಮುಟ್ಬೇಡ ಅದನ್ನ!"

ಪ್ರತಿ ಮಂಗಳವಾರವೂ ಚಿತ್ರ ಬಂದ ಮೇಲೂ ಅವನು ಅರ್ಧ ಗಂಟೆ ಮೇಲೆಯೇ ಇರುತ್ತಿದ್ದ. ತಿರುಪು ಬಿಗಿ ಮಾಡಬೇಕು ಎನ್ನುತ್ತಿದ್ದ. ಆರ್ಡಿಸ್ ಕಾರ್ಯಕ್ರಮ ಪೂರ್ತಿ ನೋಡಿದಳು. ವಾರ್ತೆ ಶುರುವಾಯಿತು. ಅವನು ಇಳಿಯಲಿಲ್ಲ. ಕೂಗಿದಳು, ಸೌಟಿನಿಂದ ಚಾವಣಿ ಬಡಿದಳು. ಕೊನೆಗೆ ಪಕ್ಕದ ಗಾಡಿಯ ಡೆಲ್ಮರ್ ಏಣಿ ಹತ್ತಿದ. ಮೇಲೆ ಅವನು ಮಂಡಿಯೂರಿದ ಸದ್ದು ಕೇಳಿತು. ಆಮೇಲೆ ಅವನು, "ಆರ್ಡಿಸ್, ಮೊದಲು ನೀನು ಕೂತ್ಕೋ," ಎಂದ.

ವೆಂಡೆಲ್ ಬಿದ್ದಿರಲಿಲ್ಲ. ಮಾಡಿನ ಮೇಲಿನ ಏಸಿಯ ಗೂಡಿಗೆ ಒರಗಿ ಕೂತಿದ್ದ ಹಾಗೇ ಹೋಗಿದ್ದ. ಹಾಸಿಗೆಯಲ್ಲಿ ಮಲಗಿದ್ದರೂ ಅದೇ ಗಳಿಗೆಗೆ ಹೃದಯ ನಿಲ್ಲುತ್ತಿತ್ತು ಎಂದರು ಡಾಕ್ಟರು. ಆರ್ಡಿಸ್ ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ವಿಧವೆಯರಿಗೆ ಹೇಳಲೆಂದೇ ಅವರ ಹತ್ತಿರ ಅಂಥ ನಾಲ್ಕು ಮಾತು ಇರುತ್ತವೆ ಎಂದುಕೊಂಡಳು.

*

ಪಾರ್ಕಿನ ಸಭಾಂಗಣದಲ್ಲಿ ಇಸ್ಪೀಟಿನ ಮೇಜುಗಳನ್ನು ಗೋಡೆಗೆ ತಳ್ಳಿ ನಲವತ್ತು ಕುರ್ಚಿ ಹಾಕಿದ್ದರು. ಹಿಂದುಗಡೆ ಹಂದಿಮಾಂಸದ ಸ್ಯಾಂಡ್‌ವಿಚ್, ದೊಡ್ಡ ತಟ್ಟೆ ತುಂಬ ಆಲೂಗಡ್ಡೆ, ಎರಡು ಕೊಡ ಕಾಫಿ. ಪಾದ್ರಿಯೂ ನಿವೃತ್ತಿಯಾಗಿ ಚಳಿಗಾಲ ಕಳೆಯಲು ಬಂದವರೇ. ನಿಲುವಂಗಿಯ ಕೆಳಗೆ ಚಪ್ಪಲಿ ಕಾಣುತ್ತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಮಾತಾಡುವವರು ಮಾತಾಡಬಹುದು ಎಂದರು. ಲಾವೊನ್ ಕೋಟಿನಲ್ಲೇ ಎದ್ದು ನಿಂತಳು.

"ನಮ್ಮಣ್ಣ ಮೂವತ್ತೆರಡು ವರ್ಷ ಹಿಮ ಸರಿಸೋ ಲಾರಿ ಓಡಿಸ್ದ. ನನ್ನ ದೊಡ್ಡ ಮಗಳು ಹುಟ್ಟೋ ದಿನ ಮೂರಡಿ ಹಿಮ ಬಿದ್ದಿತ್ತು. ಇವನು ಮುಂದೆ ಮುಂದೆ ಹಿಮ ಸರಿಸ್ತಾ ಹೋದ, ನಮ್ಮ ಕಾರು ಹಿಂದೆ ಹಿಂದೆ. ಹದಿನೆಂಟು ಮೈಲಿ. ಆಸ್ಪತ್ರೆ ಬಾಗಿಲಲ್ಲಿ ಲಾರಿಯಿಂದ ಇಳೀಲೂ ಇಲ್ಲ. ಒಂದು ಸಲ ಹಾರ್ನ್ ಹೊಡ್ದು ವಾಪಸ್ ಹೋದ." ಅಷ್ಟು ಹೇಳಿ ಕೂತುಬಿಟ್ಟಳು. ಆರ್ಡಿಸ್ ಅವಳ ಕೈ ಹಿಡಿದುಕೊಂಡಳು.

ಆಮೇಲೆ ಹದಿನಾಲ್ಕನೇ ನಂಬರಿನ ಗಾಡಿಯ ಗ್ಲೆಂಡಾ ಎದ್ದಳು. "ನಾವು ಇಲ್ಲಿಗೆ ಹೊಸದಾಗಿ ಬಂದಾಗ ಟೀವೀಲಿ ಬರ್ತಿದ್ದದ್ದು ಒಂದೇ ಚಾನೆಲ್ಲು. ಅದೂ ಸ್ಪ್ಯಾನಿಷ್. ಆಂಟೆನಾ ತಿರುಗಿಸಿ ಕೊಡು ಅಂತ ವೆಂಡೆಲನ್ನ ಕರೆದೆ. ಅವನಿಗೇಂತ ಏಣಿ ಬೇರೆ ಸಾಲ ತಂದಿಟ್ಟಿದ್ದೆ. ಅವನು ಬಂದ, ಬೂಟು ಒರೆಸ್ಕೊಂಡ, ಆಂಟೆನಾ ತಿರುಗಿಸೋಕೆ ಅಂತ ಚಾವಣೀಲಿರೋ ಬಳೆನ ಎರಡು ಬೆರಳಲ್ಲಿ ಕೆಳಗೆ ಎಳೆದು ಹೀಗೆ ತಿರುಗಿಸ್ದ. ಹನ್ನೊಂದು ಚಾನೆಲ್! ಏಣಿ ಯಾಕಮ್ಮಾ, ಇದಕ್ಕೆ ಮೇಲೆ ಹತ್ತೋನು ಹುಚ್ಚ ಅಂದ."

ಎಲ್ಲರೂ ನಕ್ಕರು. "ನಮ್ಮದೂ ಅವನೇ ತಿರುಗಿಸಿದ್ದು, ಒಳಗಿಂದ್ಲೇ," ಎಂದರು ಹಿಂದಿನ ಸಾಲಿನಲ್ಲಿ ಯಾರೋ. "ಎರಡು ನಿಮಿಷದ ಕೆಲಸ."

ನಗದೆ ಇದ್ದವರು ಇಬ್ಬರೇ. ಆರ್ಡಿಸ್ ತಿರುಗಿ ಡೆಲ್ಮರನ ಕಡೆ ನೋಡಿದಳು. ಡೆಲ್ಮರ್ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಅವನ ಬೂಟಿಗೆ ಲೇಸೇ ಇರಲಿಲ್ಲ.

ಅವಳ ಗಾಡಿಯ ಚಾವಣಿಯಲ್ಲೂ ಅಂಥದೊಂದು ಬಳೆ ಇದೆ. ಅದು ಗಾಡಿ ಕೊಂಡ ದಿನದಿಂದ ಕೆಟ್ಟಿದೆ, ದಿಕ್ಕು ಬದಲಿಸಬೇಕಾದರೆ ಮೇಲೆ ಹತ್ತಲೇಬೇಕು ಎಂದು ವೆಂಡೆಲ್ ಒಂಬತ್ತು ಚಳಿಗಾಲದಿಂದ ಹೇಳಿಕೊಂಡು ಬಂದಿದ್ದ.

*

"ತಿರುಗಿಸು," ಎಂದಳು ಆರ್ಡಿಸ್.

ಕಾಫಿಗೆ ಜನ ಎದ್ದ ಗಡಿಬಿಡಿಯಲ್ಲಿ ಅವಳು ಡೆಲ್ಮರನ ತೋಳು ಹಿಡಿದು ತನ್ನ ಗಾಡಿಗೆ ಎಳೆದು ತಂದಿದ್ದಳು. ಅವನು ಕೈಯೆತ್ತಿ ಬಳೆಯನ್ನು ಕೆಳಗೆಳೆದ. ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಆರ್ಡಿಸ್ ಹೊರಗೆ ಹೋಗಿ ಕತ್ತೆತ್ತಿ ನೋಡಿದಳು. ಗುಡ್ಡದ ಮೇಲಿನ ಟೀವಿ ಗೋಪುರದ ಕಡೆಗಿದ್ದ ಆಂಟೆನಾ ಈಗ ಬಟ್ಟೆ ಒಗೆಯುವ ಕೋಣೆಯ ಕಡೆ ಮುಖ ಮಾಡಿತ್ತು.

"ನನಗೆ ಸುಳ್ಳು ಹೇಳಿದ," ಎಂದಳು ಒಳಗೆ ಬಂದು. ಸಿಟ್ಟಿಗೆ ಅವಳ ಕಿವಿ ಕೆಂಪಾಗಿತ್ತು. "ಒಂಬತ್ತು ವರ್ಷ! ಮತ್ತೆ ಯಾಕೆ ಹತ್ತುತ್ತಿದ್ದ? ಹೇಳು ಡೆಲ್ಮರ್. ನನಗೆ ನಿದ್ದೆ ಬಂದು ಐದು ದಿನ ಆಯ್ತು."

ಡೆಲ್ಮರ್ ಸೋಫಾದ ಅಂಚಿಗೆ ಕೂತ. ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಡೋನಟ್," ಎಂದ.

*

ಒಂಬತ್ತು ವರ್ಷದ ಹಿಂದೆ ವೆಂಡೆಲನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, ಆರ್ಡಿಸ್ ಆಸ್ಪತ್ರೆಯಿಂದ ಬಂದವಳೇ ಸಕ್ಕರೆ ಡಬ್ಬ, ಜೇನು, ಜಾಮು ಎಲ್ಲ ತಿಪ್ಪೆಗೆ ಸುರಿದಿದ್ದಳು. ವೆಂಡೆಲ್ ಹೊಸ್ತಿಲಲ್ಲಿ ನಿಂತು ನೋಡಿದ. ಬೆಳಗಿನ ಜಾವ ಹಿಮ ಸರಿಸಲು ಹೊರಡುವಾಗ ಲಾರಿಯ ಕ್ಯಾಬಿನ್ನಿನಲ್ಲಿ ಕಾಫಿ ಜೊತೆ ಸಕ್ಕರೆ ಮೆತ್ತಿದ ಒಂದು ಡೋನಟ್ ಇಟ್ಟುಕೊಳ್ಳುವುದು ಅವನ ಮೂವತ್ತೆರಡು ವರ್ಷದ ಅಭ್ಯಾಸ. ಅದೇ ವರ್ಷ ನಿವೃತ್ತಿಯ ಜೊತೆಗೇ ಅದೂ ಹೋಯಿತು. ಅಂದಿನಿಂದ ಆರ್ಡಿಸ್ ಅವನ ಜೇಬು ಹುಡುಕುತ್ತಿದ್ದಳು, ಬಾಯಿ ಮೂಸುತ್ತಿದ್ದಳು. ಅವನು ಇನ್ನಷ್ಟು ವರ್ಷ ಇರಲಿ ಎಂಬುದಷ್ಟೇ ಅವಳ ಆಸೆ.

*

"ಮಂಗಳವಾರ ಒಂದು. ಒಂದೇ," ಎಂದ ಡೆಲ್ಮರ್. "ಪೇಟೆ ಬೇಕರಿಯಿಂದ ನಾನು ತಂದು, ಮಾಡಿನ ಮೇಲಿನ ಡಬ್ಬಕ್ಕೆ ಹಾಕಿಡ್ತಿದ್ದೆ. ಮೇಲೆ ಕೂತ್ರೆ ಲಾರಿ ಕ್ಯಾಬಿನ್ನಿನ ಹಾಗೇ ಇರತ್ತೆ ಅಂತಿದ್ದ. ಎತ್ತರ, ಒಬ್ನೇ, ಮುಂದೆ ಬಯಲು."

"ಸುಮ್ನೆ ಹತ್ತಬಹುದಿತ್ತಲ್ಲ?"

"ಸುಮ್ನೆ ಹತ್ತಿದ್ರೆ ನೀನು ಬಿಡ್ತಿದ್ಯಾ?"

ಆರ್ಡಿಸ್ ಕತ್ತೆತ್ತಿ ಚಾವಣಿಯ ಬಳೆ ನೋಡಿದಳು.

"ಅದಕ್ಕೇ ನೀನೇ ಕಳಿಸ್ಬೇಕಿತ್ತು. ನೀನು ಪಾತ್ರೆ ತೊಳೀತಿರೋವಾಗ ಬಳೆನ ಒಂಚೂರು ಆ ಕಡೆ ತಿರುಗಿಸಿಡೋನು. ಚಿತ್ರ ಒಡೆಯೋದು, ನೀನು ಕೂಗೋದು, ಇವನು ಬೈಕೊಂಡು ಎದ್ದು ಹೋಗೋದು. ಹೆಂಡತಿ ಅಪ್ಪಣೆ ಕೊಟ್ಟ ಮೇಲೆ ನಾನೇನು ಮಾಡ್ಲಿ ಡೆಲ್ಮರ್ ಅಂತ ನಗ್ತಿದ್ದ."

"ಆ ಮಂಗಳವಾರಾನೂ?"

"ಆ ಮಂಗಳವಾರಾನೂ ಅವನೇ ಕೆಡ್ಸಿದ್ದು. ಬಳೆ ಮುಟ್ಟಿದ ಮೇಲೆ ಕಿಟಕೀಲಿ ನನಗೆ ಕೈ ಮಾಡ್ತಿದ್ದ. ಅವತ್ತೂ ಮಾಡಿದ."

ಆರ್ಡಿಸ್ ಅವನ ಎದುರಿಗೆ ಕೂತಳು. ತಾನು ಕಳಿಸಿರಲಿಲ್ಲ. ಅವನೇ ಅವಳ ಬಾಯಿಂದ ಹತ್ತು ಎನ್ನಿಸಿಕೊಂಡಿದ್ದ. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋದದ್ದು ಅವಳಿಗೆ ಮೈಯಲ್ಲೇ ತಿಳಿಯಿತು. ಪೂರ್ತಿ ಉಸಿರು ಎಳೆದುಕೊಂಡಳು. ಹಸಿವಾಯಿತು.

ಆದರೆ ಡೆಲ್ಮರ್ ಮಂಡಿಯ ಮೇಲಿನ ಹ್ಯಾಟನ್ನು ಸುತ್ತ ಸುತ್ತ ತಿರುಗಿಸುತ್ತಿದ್ದ. "ನಾನೇ ತಂದ್ಕೊಟ್ಟಿದ್ದು, ಆರ್ಡಿಸ್. ಅರ್ಧ ತಿಂದಿದ್ದ, ಇನ್ನರ್ಧ ಕೈಯಲ್ಲೇ ಇತ್ತು. ನಾನು ತರದೇ ಇದ್ದಿದ್ರೆ..."

"ಹುಚ್ಚ, ಡಾಕ್ಟರು ಹೇಳಿದ್ದು ನೀನು ಕೇಳ್ಲಿಲ್ವಾ? ಹಾಸಿಗೇಲಿ ಮಲಗಿದ್ರೂ ಅದೇ ಗಳಿಗೆಗೆ ನಿಲ್ತಿತ್ತಂತೆ." ಹೇಳುತ್ತಿದ್ದ ಹಾಗೇ, ಆ ಮಾತು ನಿಜವೆಂದು ಅವಳಿಗೆ ಮೊದಲ ಸಲ ಅನ್ನಿಸಿತು. "ನಮ್ಮ ಹಾಸಿಗೆ ನೋಡಿದ್ದೀಯ ತಾನೇ? ಅದಕ್ಕಿಂತ ಮಾಡಿನ ಮೇಲೇ ವಾಸಿ."

ಡೆಲ್ಮರ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಆ ಅರ್ಧ ಏನು ಮಾಡ್ದೆ?" ಎಂದು ಕೇಳಿದಳು ಆರ್ಡಿಸ್.

"ಜನ ನೋಡ್ತಾರೆ ಅಂತ ಜೇಬಿಗೆ ಹಾಕ್ಕೊಂಡೆ."

"ಆಮೇಲೆ?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ." ಅವನು ನೆಲ ನೋಡಿದ. "ತಿಂದೆ."

ಆರ್ಡಿಸ್ ನಕ್ಕಳು. ಗಂಡನ ಬೂದಿ ಸಭಾಂಗಣದಲ್ಲಿ, ತಾನಿಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ ಎಂದು ಗೊತ್ತಿದ್ದೂ ನಕ್ಕಳು. ಡೆಲ್ಮರನೂ ಅಳುತ್ತಲೇ ನಕ್ಕ. ಅಷ್ಟರಲ್ಲಿ ಹೊರಗೆ ಲಾವೊನ್ ದನಿ ಕೇಳಿತು. "ಆರ್ಡಿಸ್! ಎಲ್ಲಿ ಹೋದೆ? ಜನ ಕೇಳ್ತಿದ್ದಾರೆ!"

"ಡಬ್ಬ ಇನ್ನೂ ಮೇಲೇ ಇದೆ," ಎಂದು ಡೆಲ್ಮರ್ ಪಿಸುಗುಟ್ಟಿದ. "ಏಸಿಯ ಹಿಂದೆ. ನಾಳೆ ನಿನ್ನ ನಾದಿನಿ ಮಾಡಿನ ಫೋಟೋ ತೆಗೀಬೇಕು ಅಂತಿದ್ದಳು."

ಆರ್ಡಿಸ್ ಈವರೆಗೆ ಆ ಏಣಿ ಹತ್ತಿದವಳಲ್ಲ. ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುವವಳು. ಕರಿ ಲಂಗ ಮೊಣಕಾಲಿಗೆ ಎತ್ತಿಕಟ್ಟಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಡೆಲ್ಮರ್ ಏಣಿ ಹಿಡಿದ.

"ಏನಿದು? ನಿನಗೇನು ಹುಚ್ಚಾ?" ಎಂದು ಲಾವೊನ್ ಓಡಿ ಬಂದಳು. "ಒಬ್ಬ ಹೋಗಿದ್ದು ಸಾಲದಾ?"

"ಅವನು ಕೂತಿದ್ದ ಜಾಗ ನೋಡ್ಬೇಕು," ಎಂದಳು ಆರ್ಡಿಸ್, ಕೆಳಗೆ ನೋಡದೆ. ಅದು ಸುಳ್ಳೇನಲ್ಲ.

ಮೇಲೆ, ಏಸಿಯ ಗೂಡಿನ ನೆರಳಿನಲ್ಲಿ ಅವಳ ಹೂವಿನ ಕುಶನ್ ಇತ್ತು. ಎರಡು ವರ್ಷದ ಹಿಂದೆ ಕಳೆದುಹೋದದ್ದು, ಅದಕ್ಕಾಗಿ ಗ್ಲೆಂಡಾಳ ಮೇಲೆ ಸಂಶಯಪಟ್ಟದ್ದು. ಆರ್ಡಿಸ್ ಅದರ ಮೇಲೆ ಕೂತಳು. ಮುಂದೆ ಮಾಡುಗಳ ಆಚೆ ಕಂದು ಬಯಲು, ಬಯಲಿನ ಆಚೆ ಗುಡ್ಡ. ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುತ್ತದೆ ಎಂದು ಒಂದು ಮಾತು ಹೇಳಿದ್ದರೆ ತಾನೂ ಹತ್ತುತ್ತಿದ್ದೆನೇ ಎಂದು ಯೋಚಿಸಿದಳು. ಹತ್ತುತ್ತಿರಲಿಲ್ಲ.

ಕಾಫಿ ಪುಡಿಯ ಹಳೆಯ ಡಬ್ಬದಲ್ಲಿ ಎಣ್ಣೆ ಕಾಗದದ ಚೂರುಗಳ ನಡುವೆ ಒಂದು ಇಡೀ ಡೋನಟ್ ಉಳಿದಿತ್ತು. ಒಂದೇ ಒಂದು ಎಂದಿದ್ದ ಡೆಲ್ಮರ್. ಈ ಗಂಡಸರ ಲೆಕ್ಕವೇ ಇಷ್ಟು. ಐದು ದಿನದ ಬಿಸಿಲಿಗೆ ಅದು ರಸ್ಕಿನ ಹಾಗೆ ಗಟ್ಟಿಯಾಗಿತ್ತು. ಡಬ್ಬವನ್ನು ಕೆಳಗೆ ಹಿಡಿದು ತೋರಿಸಿದರೆ ಲಾವೊನ್ ಬಾಯಿ ಇನ್ನು ಇಪ್ಪತ್ತು ವರ್ಷ ತೆರೆಯುವುದಿಲ್ಲ. ಆರ್ಡಿಸ್ ಒಂದು ಗಳಿಗೆ ಡಬ್ಬ ಹಿಡಿದು ಯೋಚಿಸಿದಳು. ಆಮೇಲೆ ಏಣಿಗೆ ಬೆನ್ನು ಮಾಡಿ ಡೋನಟ್ ಕಚ್ಚಿದಳು.

"ಏನಿದೆ ಅಲ್ಲಿ?" ಎಂದು ಕೂಗಿದಳು ಲಾವೊನ್. "ಏನಾದ್ರೂ ಬಿಟ್ಟುಹೋಗಿದ್ದಾನಾ?"

ಬಾಯಿ ತುಂಬ ಇತ್ತು. ಉತ್ತರ ಕೊಡುವ ಹಾಗಿರಲಿಲ್ಲ. ಇಲ್ಲವೆಂದು ಕೈಯಾಡಿಸಿದಳು. ನಗು ಒತ್ತಿ ಬಂದು ಭುಜ ಕುಣಿಯತೊಡಗಿತು.

ಕೆಳಗಿನವರಿಗೆ ಆ ಭುಜ ಮಾತ್ರ ಕಾಣುತ್ತಿತ್ತು. ಆಮೇಲೆ ಲಾವೊನ್ ಡೆಲ್ಮರನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. ಅವಳ ದನಿಯಲ್ಲಿ ಅಂಥ ಮೃದುತನವನ್ನು ಆರ್ಡಿಸ್ ಹಿಂದೆಂದೂ ಕೇಳಿರಲಿಲ್ಲ.

"ಅಳ್ಲಿ ಬಿಡು, ಪಾಪ. ನಾನೂ ತುಂಬಾ ಆಡ್ಬಿಟ್ಟೆ. ಸ್ವಲ್ಪ ಹೊತ್ತು ಅತ್ತುಬಿಡ್ಲಿ."

ಆರ್ಡಿಸ್ ಸಕ್ಕರೆಯಂಟಿದ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತ, ಬಯಲು ನೋಡುತ್ತ ಕೂತಳು.