ಕೈಗೆ ಬಂದ ಬಾಗಿಲಮಾಲೆ

ಅಕ್ಟೋಬರ್ ಅರ್ಧ ಕಳೆದಿತ್ತು. ಹೊಲದಲ್ಲಿ ನಿಂತ ಮೆಕ್ಕೆಜೋಳದ ಗರಿಗಳು ಒಣಗಿ ಗಾಳಿ ಬೀಸಿದಾಗಲೆಲ್ಲ ಸರಸರ ಸದ್ದು ಮಾಡುತ್ತಿದ್ದವು. ರಾತ್ರಿ ಬಿದ್ದ ಇಬ್ಬನಿ ಕೊಟ್ಟಿಗೆಯ ತಗಡಿನ ಮೇಲೆ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿತ್ತು. ಜೀನೆಟ್ ಬೆಳಗಿನ ಹಾಲು ಕರೆದು ಮುಗಿಸಿ ಯಂತ್ರದ ಕೊಳವೆಗಳಿಗೆ ಬಿಸಿನೀರು ಹಾಯಿಸುತ್ತಿದ್ದಳು. ಬಾಗಿಲಾಚೆ ಅವಳ ಗಂಡ ವೆಂಡೆಲ್ ಮೇವಿನ ಗಾಡಿಯನ್ನು ಟ್ರ್ಯಾಕ್ಟರಿಗೆ ಸಿಗಿಸುತ್ತಿದ್ದ. ಮಳೆ ಬರುವ ಮೊದಲು ಕೆಳಗಿನ ಹೊಲ ಕೊಯ್ದು ಮುಗಿಸಬೇಕಿತ್ತು.

"ಇವತ್ತಾದ್ರೂ ಅಮ್ಮಂಗೆ ಹೇಳ್ತೀಯಾ?" ಎಂದ, ತಲೆ ಎತ್ತದೆ.

"ನೀನೇ ಹೇಳಬಹುದಿತ್ತಲ್ಲ. ನಿನ್ನ ತಾಯಿ."

"ನಾನು ಹೇಳಿದ್ರೆ ಹೆಂಡ್ತಿ ಹೇಳಿಕೊಟ್ಟು ಕಳಿಸಿದ್ದು ಅಂತಾಳೆ. ನೀನು ಹೇಳಿದ್ರೆ ಒಂದೇ ಸಲಕ್ಕೆ ಮುಗೀತದೆ."

"ಯಾರು ಮುಗೀತಾರೆ, ಅದನ್ನ ಹೇಳು."

ವೆಂಡೆಲ್ ನಕ್ಕ. ನಕ್ಕು ಟ್ರ್ಯಾಕ್ಟರ್ ಹತ್ತಿದ. ಅವನಿಗೆ ಹೊಲ ಇತ್ತು, ಹೊರಟುಹೋದ.

ಹೇಳಬೇಕಾದದ್ದು ದೊಡ್ಡದೇನಲ್ಲ. ಜೀನೆಟ್‌ಳ ಅಕ್ಕ ಮಾರ್ಗಿಟ್‌ಗೆ ನಲವತ್ತಾರರ ವಯಸ್ಸಿನಲ್ಲಿ ಮದುವೆ ಕೂಡಿಬಂದಿತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರದ ಮಾರನೆಯ ದಿನ, ದೂರದ ಡುಲೂತ್ ಊರಿನಲ್ಲಿ. "ಬುಧವಾರವೇ ಬಂದುಬಿಡು," ಎಂದಿದ್ದಳು ಮಾರ್ಗಿಟ್ ಫೋನಿನಲ್ಲಿ. "ನಂಗೆ ಉಡುಪಿನ ಗುಂಡಿ ಹಾಕೋಕೂ ಯಾರೂ ಇಲ್ಲ ಕಣೇ. ಭಾನುವಾರ ನಾವಿಬ್ರೂ ಅಮ್ಮನ ಸಮಾಧಿ ಹತ್ರ ಹೋಗಿ ಬರೋಣ. ನೀನಿಲ್ದೆ ನಾನೊಬ್ಳೇ ಹೋಗಿ ಏನಂತ ಹೇಳ್ಲಿ ಅವಳಿಗೆ?" ಜೀನೆಟ್ ಆಗಲಿ ಎಂದಿದ್ದಳು. ಅದು ಆಗಸ್ಟಿನ ಮಾತು. ಅಂದಿನಿಂದ ಆ ಸುದ್ದಿ ನುಂಗಲಾರದ, ಉಗುಳಲಾರದ ತುತ್ತಾಗಿ ಅವಳ ಬಾಯಲ್ಲೇ ಉಳಿದಿತ್ತು. ಅತ್ತೆಯ ಮನೆಯ ಆ ಗುರುವಾರದ ಹಬ್ಬದೂಟ ತಪ್ಪಿಸಿದವರು ಆ ಕುಟುಂಬದಲ್ಲಿ ಯಾರೂ ಇರಲಿಲ್ಲ.

ವ್ಯಾನಿನ ಹಾರನ್ ಕೇಳಿತು. ಇವತ್ತು ನೋಡುವ ದಿನ.

ನೋಡುವ ದಿನವೆಂದರೆ ಆ ಮನೆತನದ ಹೆಂಗಸರು ಒಂದೇ ವ್ಯಾನಿನಲ್ಲಿ ತುಂಬಿಕೊಂಡು ಪೇಟೆಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, ಶರತ್ಕಾಲದ ಮತ್ತು ಮುಂದಿನ ಹಬ್ಬಗಳ ಅಲಂಕಾರದ ಸಾಮಾನು ನೋಡುವುದು. ಈ ಪದ್ಧತಿ ಅತ್ತೆ ಅರ್ಲಿಸ್‌ಗೆ ಅವಳ ಅತ್ತೆಯಿಂದ ಬಂದದ್ದು. ಚಿಕ್ಕಪುಟ್ಟ ಕುಂಬಳಕಾಯಿ, ಮೇಣದಬತ್ತಿ, ಹುಲ್ಲಿನ ಬೆದರುಬೊಂಬೆ ಇವುಗಳನ್ನು ಯಾರು ಬೇಕಾದರೂ ಮುಟ್ಟಬಹುದು, ಕೊಳ್ಳಬಹುದು. ದೊಡ್ಡ ಬಾಗಿಲಮಾಲೆಯ ವಿಷಯ ಬೇರೆ. ಕಾಡುದ್ರಾಕ್ಷಿಯ ಬಳ್ಳಿಯನ್ನು ಚಕ್ರದಂತೆ ಸುತ್ತಿ, ಓಕ್ ಎಲೆ, ಒಣಗಿದ ತೆನೆ ಸಿಗಿಸಿ ಮಾಡಿದ ಅದನ್ನು ಅರ್ಲಿಸ್ ಒಬ್ಬಳೇ ಕೊಕ್ಕೆಯಿಂದ ಇಳಿಸಬೇಕು, ಅವಳೇ ಹೊತ್ತು ಗಲ್ಲಾಪೆಟ್ಟಿಗೆಯ ಹತ್ತಿರ ಒಯ್ಯಬೇಕು. ಯಾಕೆಂದರೆ ಮಾಲೆ ಯಾರ ಕೈಯಲ್ಲಿ ಅಂಗಡಿ ದಾಟುತ್ತದೋ ಅವರ ಬಾಗಿಲಿಗೇ ಅದು ಹೋಗುತ್ತದೆ. ಯಾರ ಬಾಗಿಲಿಗೆ ಹೋಗುತ್ತದೋ ಆ ಮನೆಯಲ್ಲೇ ಥ್ಯಾಂಕ್ಸ್‌ಗಿವಿಂಗ್, ಆ ಮನೆಯಲ್ಲೇ ಕ್ರಿಸ್‌ಮಸ್. ಒಂದು ವರ್ಷಕ್ಕಲ್ಲ, ಕೈ ನಡೆಯುವಷ್ಟು ಕಾಲ. ಉಳಿದವರು ಬೆಲೆಯ ಚೀಟಿಯನ್ನೂ ಮುಟ್ಟದೆ, ತಲೆ ವಾರೆ ಮಾಡಿ ಓದುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷ ಜೀನೆಟ್ ಕೈ ಚಾಚಿದಾಗ ನಾದಿನಿ ಲವಾನ್ ಬಿಸಿ ಪಾತ್ರೆ ಮುಟ್ಟಹೊರಟ ಮಗುವಿಗೆ ಮಾಡುವಂತೆ ಪಟ್ಟನೆ ಅವಳ ಕೈ ಸರಿಸಿದ್ದಳು.

ಲವಾನ್ ವ್ಯಾನ್ ನಡೆಸುತ್ತಿದ್ದಳು. ಅರ್ಲಿಸ್ ಮುಂದೆ ಕೂತು ಮಡಿಲಲ್ಲಿ ಕೈಚೀಲ ಇಟ್ಟುಕೊಂಡಿದ್ದಳು. ಹಿಂದಿನ ಸೀಟಿನಲ್ಲಿ, ಲವಾನ್ ಚರ್ಚಿಗೆ ಕೊಡಲೆಂದು ತುಂಬಿದ್ದ ಹಳೇ ಬಟ್ಟೆಯ ಪೆಟ್ಟಿಗೆಗಳ ನಡುವೆ, ಜೀನೆಟ್ ಮೊಣಕಾಲು ಮಡಚಿಕೊಂಡು ಕೂತಳು.

"ಏನು ಸಪ್ಪಗಿದೀಯ?" ಕನ್ನಡಿಯಲ್ಲಿ ನೋಡುತ್ತ ಲವಾನ್ ಕೇಳಿದಳು. "ಹಸು ಒದೀತಾ?"

"ಇಲ್ಲ. ಅಮ್ಮ, ಒಂದು ವಿಷಯ..."

"ಲವಾನ್, ನಿಧಾನ," ಎಂದಳು ಅರ್ಲಿಸ್. "ಮುಂದೆ ಜೋಳದ ಗಾಡಿ ಇದೆ. ಪೀಟರ್‌ಸನ್ನರ ಹುಡುಗ ಅಂತ ಕಾಣ್ಸುತ್ತೆ. ಈಗ ಕೊಯ್ತಾ ಇದಾನಾ? ಅವರಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಹೊಲ ಉತ್ತು ಆಗಿರ್ತಿತ್ತು."

ಪೀಟರ್‌ಸನ್ನರ ಅಪ್ಪ, ಅವನ ಸೊಂಟನೋವು, ಅವನ ಎರಡನೆಯ ಹೆಂಡತಿ ಎಲ್ಲರ ಮಾತು ಮುಗಿಯುವಷ್ಟರಲ್ಲಿ ಪೇಟೆ ಬಂತು.

ಮೊದಲು ರೈತರ ಸಾಮಾನಿನ ಅಂಗಡಿ. ಬೇಲಿತಂತಿ, ಕರುಗಳ ಹಾಲಿನಪುಡಿಯ ಚೀಲಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಎಲೆಗಳ ತೋರಣ ಇಳಿಬಿಟ್ಟಿದ್ದರು. ಅರ್ಲಿಸ್ ಒಂದು ಎಲೆ ಹಿಡಿದು ಉಜ್ಜಿ, ಬೆರಳು ಮೂಸಿ, "ಸೀಮೆಎಣ್ಣೆ ವಾಸನೆ," ಎಂದು ಬಿಟ್ಟಳು. ಆಮೇಲೆ ಚರ್ಚಿನ ನೆಲಮಾಳಿಗೆಯ ಹಳೇ ಸಾಮಾನಿನ ಅಂಗಡಿ. ಅಲ್ಲಿ ಲವಾನ್ ಒಂದು ಪಿಂಗಾಣಿಯ ಟರ್ಕಿ ಕೋಳಿಯನ್ನು ಎತ್ತಿ ಹಿಡಿದು, "ಅಮ್ಮ, ಇದರ ಮುಖ ನೋಡು, ಥೇಟ್ ನನ್ನ ಗಂಡ ತೆರಿಗೆ ಕಟ್ಟೋ ದಿನ ಕಂಡ ಹಾಗಿದೆ," ಎಂದಳು. ಅರ್ಲಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜೀನೆಟ್ ಕೂಡ ನಕ್ಕಳು. ನಗುವಾಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅರ್ಲಿಸ್ ಮೆಟ್ಟಿಲು ಹತ್ತಲು ಅವಳ ತೋಳು ಹಿಡಿದುಕೊಂಡಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಕೈಯ ಭಾರ ಹೊತ್ತು ಹತ್ತುವಾಗ ಮಾತು ಹಿಂದಕ್ಕೆ ಹೋಯಿತು.

ಆ ಕೈಯ ಋಣ ಜೀನೆಟ್‌ಳ ಮೈಮೇಲಿತ್ತು. ಮಗ ಹೊಟ್ಟೆಯಲ್ಲಿದ್ದಾಗ ಡಾಕ್ಟರು ಇಡೀ ಚಳಿಗಾಲ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಆ ಚಳಿಗಾಲ ಅರ್ಲಿಸ್ ಪ್ರತಿ ಮುಂಜಾನೆ ಹಿಮ ತುಳಿದುಕೊಂಡು ಬಂದು ಸೊಸೆಯ ಪಾಲಿನ ಹಾಲು ಕರೆದಳು, ಅಡಿಗೆ ಮಾಡಿದಳು, ಅವಳ ತಲೆ ತೊಳೆದಳು, ಹಾಸಿಗೆಯ ಪಕ್ಕದ ಬೋಗುಣಿಯನ್ನೂ ಚೆಲ್ಲಿ ತೊಳೆದಿಟ್ಟಳು. ಒಂದು ದಿನವೂ ಬಾಯಿಬಿಟ್ಟು ಆಡಿ ತೋರಿಸಿದವಳಲ್ಲ. ಆಡಿ ತೋರಿಸಿದ್ದರೆ ಜೀನೆಟ್‌ಳಿಗೂ ತಿರುಗಿ ಒಂದು ಮಾತಾಡಲು ಜಾಗ ಸಿಗುತ್ತಿತ್ತು.

ಕೊನೆಯದು ಊರಾಚೆಯ ಸಸ್ಯಾಗಾರ. ಶರತ್ಕಾಲ ಬಂತೆಂದರೆ ಅದರ ಒಡತಿ ಹಳೆಯ ಕಣಜವನ್ನೇ ಅಂಗಡಿ ಮಾಡುತ್ತಿದ್ದಳು. ಒಳಗೆ ದಾಲ್ಚಿನ್ನಿ, ಸೇಬು, ಒಣಹುಲ್ಲು ಎಲ್ಲದರ ವಾಸನೆ ಬೆರೆತಿತ್ತು. ಹಿಂದಿನ ಗೋಡೆಗೆ ಬಾಗಿಲಮಾಲೆಗಳು ಸಾಲಾಗಿ ತೂಗುತ್ತಿದ್ದವು. ಅರ್ಲಿಸ್ ಅವುಗಳ ಮುಂದೆ ನಿಂತಳು, ದೂರ ಸರಿದಳು, ಕಣ್ಣು ಕಿರಿದು ಮಾಡಿದಳು. ಜೀನೆಟ್ ಮತ್ತು ಲವಾನ್ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹಿಂದೆ ನಿಂತರು.

"ಅದು," ಎಂದಳು ಅರ್ಲಿಸ್, ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿ.

"ಅಮ್ಮ, ನಿನ್ನ ಬಾಗಿಲಿಗೆ ಅಷ್ಟು ದೊಡ್ಡದು ಹಿಡಿಸಲ್ಲ," ಎಂದಳು ಲವಾನ್.

"ಗೊತ್ತು ಸುಮ್ನಿರು."

ಅರ್ಲಿಸ್ ತುದಿಗಾಲಲ್ಲಿ ನಿಂತು ಅದನ್ನು ಕೊಕ್ಕೆಯಿಂದ ಬಿಡಿಸಿದಳು. ಸಂಧಿವಾತದ ಮಣಿಕಟ್ಟು ತಿರುಚಿಕೊಂಡಿತು. ಮಾಲೆ ಒಂದು ಕಡೆಗೆ ವಾಲಿತು, ಒಣಗಿದ ತೆನೆಯೊಂದು ನೆಲಕ್ಕೆ ಬಿತ್ತು. ಜೀನೆಟ್ ಯೋಚನೆ ಮಾಡಲಿಲ್ಲ. ಬೀಳುವ ಮಗುವನ್ನು ಹಿಡಿಯುವ ಹಾಗೆ ಎರಡೂ ಕೈ ಚಾಚಿ ಹಿಡಿದಳು. ಹಿಡಿದ ಕೂಡಲೆ ಅರ್ಲಿಸ್‌ಳ ಬೆರಳುಗಳು ಸಡಿಲವಾದವು. ಸೋತು ಸಡಿಲವಾದವೋ, ಬೇಕೆಂದು ಬಿಟ್ಟವೋ, ಅಷ್ಟು ಹತ್ತಿರ ನಿಂತಿದ್ದ ಜೀನೆಟ್‌ಳಿಗೂ ತಿಳಿಯಲಿಲ್ಲ. ಮಾಲೆಯ ಪೂರ್ತಿ ಭಾರ ಅವಳ ಕೈಗೆ ಬಂತು.

"ಅಮ್ಮ, ತಗೊಳ್ಳಿ," ಎಂದಳು.

"ನನ್ನ ಕೈ ನೋವು. ನೀನೇ ತಾ." ಅರ್ಲಿಸ್ ಆಗಲೇ ಗಲ್ಲಾಪೆಟ್ಟಿಗೆಯ ಕಡೆ ತಿರುಗಿದ್ದಳು.

ಜೀನೆಟ್ ಲವಾನ್ ಕಡೆ ನೋಡಿದಳು. ಲವಾನ್ ಜೇಬಿನಿಂದ ಕೈ ತೆಗೆಯಲಿಲ್ಲ. "ಅಬ್ಬ, ಸದ್ಯ ನನ್ನ ಕಡೆ ವಾಲಲಿಲ್ಲ," ಎಂದಳು ಮೆಲ್ಲಗೆ. ಕೆಳಗಿಡಲು ಜೀನೆಟ್ ಜಾಗ ಹುಡುಕಿದಳು. ಎಲ್ಲ ಮೇಜುಗಳ ಮೇಲೂ ಕುಂಬಳಕಾಯಿ, ಗಾಜಿನ ಗುಂಡು, ಮೇಣದಬತ್ತಿ. ಇಡಲು ಒಂದು ಗೇಣು ಜಾಗವಿರಲಿಲ್ಲ.

"ಈ ವರ್ಷದಿಂದ ಸೊಸೆನಾ?" ಅಂಗಡಿಯವಳು ಸಂಭ್ರಮದಿಂದ ಕೇಳಿದಳು. ಅವಳಿಗೂ ಆ ಮನೆಯ ಪದ್ಧತಿ ಗೊತ್ತಿತ್ತು.

"ಸೊಸೆನೇ," ಎಂದು ಅರ್ಲಿಸ್ ದುಡ್ಡು ಕೊಟ್ಟಳು. "ಅವಳ ಮನೇಲಿ ಒಲೆ ದೊಡ್ಡದು."

ವಾಪಸು ಬರುವಾಗ ಮಾಲೆ ಜೀನೆಟ್‌ಳ ತೊಡೆಯ ಮೇಲಿತ್ತು. ಅಷ್ಟು ದೊಡ್ಡದಕ್ಕೆ ವ್ಯಾನಿನಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಬಳ್ಳಿಯ ಒಣತುದಿ ಗಲ್ಲಕ್ಕೆ ಚುಚ್ಚುತ್ತಿತ್ತು, ಎಲೆಗಳ ನಡುವಿನಿಂದ ಮುಂದಿನವರ ತಲೆಗಳಷ್ಟೇ ಕಾಣುತ್ತಿದ್ದವು. ಮುಂದೆ ಅತ್ತೆ, ನಾದಿನಿ ಲೆಕ್ಕ ಹಾಕುತ್ತಿದ್ದರು. ಇಪ್ಪತ್ತಾರು ಜನಕ್ಕೆ ಎರಡು ಟರ್ಕಿ ಬೇಕು. ಕುಂಬಳದ ಪೈ ಲವಾನ್ ತರುತ್ತಾಳೆ. ಮಡಚುವ ಮೇಜನ್ನು ಚರ್ಚಿನಿಂದ ಕೇಳಬೇಕು. ಒಂದು ಮಾತಿಗೂ "ಜೀನೆಟ್, ಆಗುತ್ತಾ?" ಎಂದು ಹಿಂದೆ ತಿರುಗಲಿಲ್ಲ.

ಅಂಗಳಕ್ಕೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು. ಜೀನೆಟ್ ಮಾಲೆ ಹಿಡಿದು ಕೆಳಗಿಳಿದು ಅರ್ಲಿಸ್‌ಳ ಕಿಟಕಿಯ ಹತ್ತಿರ ಬಂದಳು.

"ಅಮ್ಮ, ನಾನು ಥ್ಯಾಂಕ್ಸ್‌ಗಿವಿಂಗ್‌ಗೆ ಇಲ್ಲಿರಲ್ಲ. ಮಾರ್ಗಿಟ್ ಮದುವೆ, ಶುಕ್ರವಾರ. ಬುಧವಾರ ಹೋಗ್ತೀನಿ. ಆಗಸ್ಟಿಂದ ಹೇಳ್ಬೇಕು ಅಂತಿದ್ದೆ."

ಲವಾನ್ ಎಂಜಿನ್ ಆರಿಸಲು ಹೋದ ಕೈ ಹಾಗೇ ನಿಲ್ಲಿಸಿದಳು. ಅರ್ಲಿಸ್ ಕಿಟಕಿ ಪೂರ್ತಿ ಇಳಿಸಿದಳು.

"ಮಾರ್ಗಿಟ್‌ಗೆ ಮದುವೆನಾ? ಒಳ್ಳೇದಾಯ್ತು. ನನಗ್ಯಾಕೆ ಹೇಳ್ಲಿಲ್ಲ? ನಾನೇನು ರಾಕ್ಷಸಿನಾ?" ನಿಜವಾಗಿಯೇ ಮುಖ ಅರಳಿತ್ತು. ಬೆರಳು ಮಡಚಿ ದಿನ ಎಣಿಸಿದಳು. "ಸರಿ. ಊಟ ಭಾನುವಾರಕ್ಕೆ ಹಾಕೋಣ. ನೀನು ಶನಿವಾರ ರಾತ್ರಿ ಬಂದುಬಿಡು, ಕೋಳಿ ನಾನು ಉಪ್ಪುನೀರಲ್ಲಿ ನೆನೆಹಾಕಿರ್ತೀನಿ."

"ಭಾನುವಾರ?" ಲವಾನ್ ಬಾಯಿಬಿಟ್ಟಳು. "ಅವತ್ತು ಜಿಂಕೆ ಬೇಟೆಯ ಕೊನೇ ದಿನ ಅಮ್ಮ! ಗಂಡಸರು ಕಾಡು ಬಿಟ್ಟು ಬರ್ತಾರಾ?"

"ಬರ್ತಾರೆ. ನಿಮ್ಮಪ್ಪ ಸತ್ತ ವರ್ಷವೂ ನಾನು ಗುರುವಾರ ಬಿಟ್ಟು ಕದಲಲಿಲ್ಲ. ಇವಳಿಗೋಸ್ಕರ ಕದಲ್ತೀನಿ."

ಜೀನೆಟ್‌ಳ ಎದೆ ಹಗುರವಾಯಿತು. ಥ್ಯಾಂಕ್ಸ್ ಎಂದಳು ಕೂಡ. ಹೇಳಿದ ಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂದು ಕಂಡಿತು. ಇಪ್ಪತ್ತಾರು ಜನ ಅವಳಿಗಾಗಿ ಹಬ್ಬ ಸರಿಸುತ್ತಾರೆ, ಬೇಟೆ ಬಿಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಹಳೆಯ ಚಳಿಗಾಲದ ಋಣದ ಮೇಲೆ ಇನ್ನೊಂದು ಚಳಿಗಾಲದ ಋಣ ಕೂರುತ್ತದೆ. ಶನಿವಾರ ರಾತ್ರಿ ಅವಳು ಕತ್ತಲಲ್ಲಿ ಗಾಡಿ ಓಡಿಸಿಕೊಂಡು ಬರುತ್ತಿರುತ್ತಾಳೆ. ಭಾನುವಾರ ಮಾರ್ಗಿಟ್ ಒಬ್ಬಳೇ ಸಮಾಧಿಯ ಹತ್ತಿರ ನಿಂತಿರುತ್ತಾಳೆ.

ಲವಾನ್ ಗಾಡಿ ತಿರುಗಿಸಲು ಹಿಂದಕ್ಕೆ ತೆಗೆದಳು. ಜೀನೆಟ್ ವ್ಯಾನಿನ ಪಕ್ಕವೇ ನಡೆದುಹೋಗಿ ಲವಾನ್‌ಳ ಬಾಗಿಲು ತೆಗೆದು, ಮಾಲೆಯನ್ನು ಅವಳ ತೊಡೆಯ ಮೇಲೆ ಇಟ್ಟಳು. ಲವಾನ್ ಗಕ್ಕನೆ ಬ್ರೇಕ್ ತುಳಿದು, ಪೊಲೀಸರು ಕೋವಿ ತೋರಿಸಿದಂತೆ ಎರಡೂ ಕೈ ಮೇಲೆತ್ತಿದಳು.

"ಏಯ್, ನಾನು ಮುಟ್ಟಿಲ್ಲ! ಅಮ್ಮ, ನೋಡು, ನಾನು ಮುಟ್ಟಿಲ್ಲ!"

"ಭಾನುವಾರವೂ ನಾನು ಇರಲ್ಲ ಅಮ್ಮ," ಎಂದಳು ಜೀನೆಟ್. "ಸೋಮವಾರ ಬರ್ತೀನಿ. ಊಟ ಗುರುವಾರವೇ ಇರಲಿ. ಯಾರ ಬಾಗಿಲಿಗೆ ಹಾಕ್ತೀರೋ ಹಾಕಿ."

ಅರ್ಲಿಸ್ ಮುಂದೆ ನೋಡುತ್ತ ಕೂತಿದ್ದಳು. ಮಾತಾಡಿದಾಗ ದನಿ ಏರಲಿಲ್ಲ.

"ಆ ಚಳಿಗಾಲ ನಾನು ಒಂದು ದಿನಾನಾದ್ರೂ ಇವತ್ತು ಬರಲ್ಲ ಅಂದಿದ್ನಾ?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಬಾಯಿಗೆ ಬಂದಿತ್ತು. ಜೀನೆಟ್ ಬಾಗಿಲು ಬಿಡದೆ ಹಿಡಿದು ನಿಂತಳು.

"ಇಲ್ಲಮ್ಮ. ಒಂದು ದಿನಾನೂ ಅನ್ಲಿಲ್ಲ."

"ಮತ್ತೆ?"

"ಅದನ್ನ ತೀರಿಸೋಕೆ ನನ್ನ ಕೈಲಿ ಆಗಲ್ಲ. ಜೀವ ಇರೋವರೆಗೂ ಹಬ್ಬ ಮಾಡಿದ್ರೂ ತೀರಲ್ಲ. ಅದು ಹಾಗೇ ಇರುತ್ತೆ. ನಾನು ಹೋಗಿ ಬರ್ತೀನಿ."

ಮಾಲೆ ಮುಟ್ಟದೆ ಸ್ಟಿಯರಿಂಗ್ ಹಿಡಿಯುವಂತಿರಲಿಲ್ಲ. ಲವಾನ್‌ಳ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು.

"ಬಾಗಿಲು ಹಾಕು," ಎಂದಳು ಅರ್ಲಿಸ್ ಕೊನೆಗೆ. "ಚಳಿ ಬರ್ತಿದೆ."

ಜೀನೆಟ್ ಬಾಗಿಲು ಹಾಕಿದಳು. ಕೊಟ್ಟಿಗೆಗೆ ಹೋಗಿ ದೀಪ ಹಾಕಿ, ಬೂಟು ಬದಲಿಸಿ, ಮೊದಲ ಹಸುವಿನ ಕೆಚ್ಚಲು ಒರೆಸಿ ಯಂತ್ರ ಹಚ್ಚಿದಳು. ಹಸು ತಿರುಗಿ ನೋಡಿತು. ಹಾಲು ಇಳಿಯತೊಡಗಿತು. ಅವಳು ಎರಡನೆಯ ಹಸುವಿಗೆ ಹೋದಳು, ಮೂರನೆಯದಕ್ಕೆ ಹೋದಳು. ಅಂಗಳದಲ್ಲಿ ವ್ಯಾನಿನ ಎಂಜಿನ್ ನಿಂತಲ್ಲೇ ಗುರುಗುಡುತ್ತಿತ್ತು. ಹೊರಟ ಸದ್ದು ಮಾತ್ರ ಕೇಳಲಿಲ್ಲ.