ಕೋಣದ ಕೊಂಬಿನ ಪಿತೊ

ನಾನು ಒಂದು ಸೀಟಿ. ಅಂಗಡಿಯಲ್ಲಿ ಸಿಗುವ ಹಿತ್ತಾಳೆಯದಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ. ಕೋಣದ ಕೊಂಬಿನದು. ಸೀಟಿಯಾಗುವ ಮೊದಲು ನಾನು ಇತುಮ್ ಎಂಬ ಕೋಣದ ತಲೆಯ ಎಡಗಡೆ ಬಾಗಿಕೊಂಡಿದ್ದೆ. ಇತುಮ್ ಎಂದರೆ ಆ ಕಡೆಯ ಮಾತಿನಲ್ಲಿ ಕಪ್ಪು.

ಫಿಲಿಪೀನ್ಸಿನ ಪನಾಯ್ ದ್ವೀಪದಲ್ಲಿ, ಇಲೊಯ್ಲೊ ಪಟ್ಟಣದಿಂದ ಅರ್ಧ ದಿನದ ದಾರಿಯಲ್ಲಿ ತಲಾಬಾನ್ ಎಂಬ ಊರಿದೆ. ಇತುಮ್ ಬೆಳಿಗ್ಗೆ ಅಲ್ಲಿನ ಗದ್ದೆ ಉಳುತ್ತಿತ್ತು, ಮಧ್ಯಾಹ್ನ ಕೆಸರಿನಲ್ಲಿ ಮಲಗುತ್ತಿತ್ತು, ಸಂಜೆ ಚರ್ಚಿನ ಎದುರಿನ ಬಯಲಿನಲ್ಲಿ ಮೇಯುತ್ತಿತ್ತು. ಆ ಬಯಲೇ ಊರಿನ ಫುಟ್ಬಾಲ್ ಮೈದಾನ. ಹುಲ್ಲು ಕತ್ತರಿಸುವ ಯಂತ್ರ ಅಲ್ಲಿಗೆ ಬಂದದ್ದಿಲ್ಲ. ಕೋಣಗಳು ಮೇಯ್ದಷ್ಟು ಜಾಗವೇ ಮೈದಾನ. ಆಟ ಶುರುವಾದಾಗ ಅವು ಬೇಸರದಿಂದ ಎದ್ದು ಮೂಲೆಗೆ ಹೋಗಿ ನಿಲ್ಲುತ್ತಿದ್ದವು. ಕಾರ್ನರ್ ಕಿಕ್ ಹೊಡೆಯುವವನು ಮೊದಲು ಒಂದು ಕೋಣವನ್ನು ಸರಿಸಬೇಕಿತ್ತು.

ಇತುಮ್‌ನ ಯಜಮಾನ ಮೆಲೆಸಿಯೊ. ಊರವರಿಗೆ ನೊಂಗ್ ಮೆಲೆ. ನೊಂಗ್ ಎಂದರೆ ಅಣ್ಣ. ಪ್ರಾಯದಲ್ಲಿ ಒಳ್ಳೆಯ ಆಟಗಾರ, ಮಂಡಿ ಮುರಿದ ಮೇಲೆ ರೆಫರಿ. ಇತುಮ್ ವಯಸ್ಸಾಗಿ ಸತ್ತಾಗ ಅವನು ಒಂದು ದಿನ ಗದ್ದೆಗೆ ಇಳಿಯಲಿಲ್ಲ. ಮರುದಿನ ಕೊಂಬನ್ನು ಬಿಸಿನೀರಿನಲ್ಲಿ ಬೇಯಿಸಿ, ತುದಿಯನ್ನು ಗರಗಸದಿಂದ ಕೊಯ್ದು, ಗಾಜಿನ ಚೂರಿನಿಂದ ಹೆರೆಯುತ್ತ ಕುಳಿತ. ನನ್ನ ಹೊಟ್ಟೆಯೊಳಗೆ ಒಂದು ಗುಲಗಂಜಿ ಹಾಕಿದ. ಉಸಿರು ತಾಗಿದರೆ ಅದು ಕುಣಿಯುತ್ತಿತ್ತು. ದನಿ ನಡುಗುತ್ತ ಗದ್ದೆಯಾಚೆಗೂ ಹೋಗುತ್ತಿತ್ತು. ಪಟ್ಟಣದ ಸೀಟಿ ಇರುವಾಗ ಇದೇಕೆ ಎಂದು ಹೆಂಡತಿ ಕೇಳಿದ್ದಕ್ಕೆ, ಅದನ್ನು ಊದಿದರೆ ತಾನು ಆಟ ನಿಲ್ಲಿಸುತ್ತಿದ್ದೇನೋ ಲಾರಿ ನಿಲ್ಲಿಸುತ್ತಿದ್ದೇನೋ ತಿಳಿಯುವುದಿಲ್ಲ ಎಂದ.

ಇಲ್ಲಿ ಎರಡು ವಿಷಯ ಹೇಳಬೇಕು. ಆ ಊರಿನ ಮಾತಿನಲ್ಲಿ ಸೀಟಿಗೆ ಪಿತೊ ಎನ್ನುತ್ತಾರೆ. ಏಳು ಎಂಬ ಸಂಖ್ಯೆಗೂ ಪಿತೊ ಎಂದೇ ಹೆಸರು. ಒತ್ತು ಕೊಡುವಲ್ಲಿ ತುಸು ವ್ಯತ್ಯಾಸವಿದೆ ಎನ್ನುತ್ತಾರೆ. ಅಂಗಳದಲ್ಲಿ ಅದು ಕಿವಿಗೆ ತಿಳಿದೀತು, ಮೈದಾನದ ಗದ್ದಲದಲ್ಲಿ ತಿಳಿಯದು. ಇನ್ನೊಂದು, ಸ್ಪೇನಿನವರು ಆಳುವಾಗ ಊರೂರಿಗೆ ಮನೆತನದ ಹೆಸರುಗಳನ್ನು ಹಂಚಿದ್ದರು. ತಲಾಬಾನಿಗೆ ಬಂದವೆಲ್ಲ ಒಂದೇ ಅಕ್ಷರದಿಂದ ಶುರುವಾಗುವಂಥವು. ಹನ್ನೊಂದು ಮಂದಿ ಆಟಗಾರರಲ್ಲಿ ಹನ್ನೊಂದೂ ಹೆಸರು ಒಂದರ ಹಾಗೆ ಇನ್ನೊಂದು ಕೇಳಿಸುತ್ತಿತ್ತು. ಹಾಗಾಗಿ ಜನ ಆಟಗಾರರನ್ನು ಅಂಗಿಯ ಮೇಲಿನ ಸಂಖ್ಯೆಯಿಂದಲೇ ಕೂಗುತ್ತಿದ್ದರು.

ಏಳನೆಯ ನಂಬರಿನವನು ರುಬೆನ್. ತೆಳ್ಳಗಿನ ಆಳು, ಎಡಗಾಲಿನವನು. ಕೆಸರಿನಲ್ಲಿಯೂ ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಮೆಲೆಸಿಯೊನ ಮಗಳು ಎದಿತಾಳನ್ನು ಮದುವೆಯಾಗಬೇಕೆಂದು ಅವನಿಗೆ ಮನಸ್ಸು. ಆ ಕಡೆಯ ಹಳೆಯ ಕ್ರಮದಂತೆ ಹೆಣ್ಣು ಕೇಳುವವನು ಆ ಮನೆಯಲ್ಲಿ ಕೆಲಸ ಮಾಡಿ ತೋರಿಸಬೇಕು. ರುಬೆನ್ ದಿನವೂ ಬಂದು ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುತ್ತಿದ್ದ, ಸೌದೆ ಒಡೆಯುತ್ತಿದ್ದ. ಮೊಳೆಗೆ ತೂಗಿಕೊಂಡು ನಾನು ನೋಡುತ್ತಿದ್ದೆ. ಒಂದೇ ಮನೆಯಲ್ಲಿ ಎರಡು ಪಿತೊ, ಒಂದು ಊದುವುದು, ಇನ್ನೊಂದು ನೀರು ಹೊರುವುದು ಎಂದು ಊರವರು ನಗುತ್ತಿದ್ದರು. ಆ ತಮಾಷೆ ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವನು ನೊಂಗ್ ಅಂಬೊ. ಮೆಲೆಸಿಯೊನ ಗೆಳೆಯ, ಗೆರೆಯ ಪಕ್ಕದಲ್ಲಿ ಓಡುವ ಲೈನ್ಸ್‌ಮನ್. ಬಾವುಟದ ಬದಲು ಹೆಗಲ ಮೇಲಿನ ಕೆಂಪು ಟವೆಲ್ಲನ್ನೇ ಎತ್ತಿ ತೋರಿಸುವವನು.

ಸಂಜೆ ಬದುವಿನ ಮೇಲೆ ಕುಳಿತು ಮೆಲೆಸಿಯೊ ಹಳೆಯ ಕಥೆ ಹೇಳುತ್ತಿದ್ದ. ಅಮೆರಿಕನ್ನರ ಕಾಲದಲ್ಲಿಯೇ ಮನಿಲಾದಲ್ಲಿ ದೇಶದ ಚಾಂಪಿಯನ್‌ಶಿಪ್ ಶುರುವಾಗಿತ್ತಂತೆ. ಪೂರ್ವದೇಶಗಳ ಕೂಟದಲ್ಲಿ ನಮ್ಮವರು ಚೀನಾವನ್ನೂ ಜಪಾನನ್ನೂ ಸೋಲಿಸಿದ್ದರಂತೆ. ಆಮೇಲೆ ಯುದ್ಧ ಬಂತು, ಬಾಸ್ಕೆಟ್‌ಬಾಲ್ ಬಂತು, ಪಟ್ಟಣದವರು ಚೆಂಡನ್ನು ಕೈಗೆ ಎತ್ತಿಕೊಂಡರು. ಕಾಲಿನಲ್ಲಿ ಉಳಿಸಿಕೊಂಡವರು ನಮ್ಮಂಥ ಹಳ್ಳಿಯವರು ಮತ್ತು ಸೈನ್ಯದವರು. ಭೂಸೇನೆ, ನೌಕಾಸೇನೆ, ವಾಯುಸೇನೆಯ ತಂಡಗಳೇ ಆಗ ದೊಡ್ಡವು. ಅವರ ಕಣ್ಣಿಗೆ ಬಿದ್ದರೆ ಆಟವೂ ಸಿಗುತ್ತಿತ್ತು, ಸಮವಸ್ತ್ರದ ಕೆಲಸವೂ ಸಿಗುತ್ತಿತ್ತು. ಆದರೆ ಅದಕ್ಕೆ ಮನಿಲಾದ ಚಾಂಪಿಯನ್‌ಶಿಪ್‌ಗೆ ಹೋಗಬೇಕು, ಹೋಗಬೇಕಾದರೆ ಪ್ರಾಂತ್ಯದ ಫೈನಲ್ ಗೆಲ್ಲಬೇಕು. ರುಬೆನ್ ಹುಲ್ಲುಕಡ್ಡಿ ಅಗಿಯುತ್ತ ಕೇಳುತ್ತಿದ್ದ. ಮನಿಲಾಕ್ಕೆ ಹೋಗಿ ಬಂದ ಮೇಲೆಯೇ ಮದುವೆ ಎಂದು ಅವನೇ ಹೇಳಿದ್ದ.

ಆ ವರ್ಷ ತಲಾಬಾನ್ ಫೈನಲ್ ತಲುಪಿತು. ಎದುರು ಬೆಟ್ಟದ ಕಡೆಯ ಊರಿನ ತಂಡ. ಮೈದಾನ ನಮ್ಮದೇ. ಪಟ್ಟಣದಿಂದ ಬರಬೇಕಾಗಿದ್ದ ರೆಫರಿಯ ಜೀಪ್ನಿ, ಎಂದರೆ ಆ ಕಡೆಯ ಬಾಡಿಗೆ ಜೀಪು, ದಾರಿಯಲ್ಲಿ ಕೆಟ್ಟು ನಿಂತಿತು. ಮುಂದೂಡುವ ಮಾತು ಬಂದಾಗ ಬೆಟ್ಟದ ತಂಡದ ನಾಯಕನೇ, ಮೆಲೆಸಿಯೊ ಊದಲಿ, ಅವನು ಸ್ವಂತ ಅಣ್ಣನ ವಿರುದ್ಧವೂ ಪೆನಾಲ್ಟಿ ಕೊಟ್ಟವನು ಎಂದ. ಮೆಲೆಸಿಯೊ ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ನನ್ನನ್ನು ಕುತ್ತಿಗೆಗೆ ಹಾಕಿಕೊಂಡು ಮೈದಾನಕ್ಕೆ ಇಳಿದ.

ಎರಡೂ ತಂಡಕ್ಕೆ ತಲಾ ಒಂದು ಗೋಲಾಗಿ ಆಟ ಕೊನೆಗೆ ಬಂದಿತ್ತು. ನಾನು ಅವನ ತುಟಿಯ ನಡುವೆಯೇ ಇದ್ದೆ. ಚೆಂಡು ಎಡಗಡೆ ರುಬೆನ್‌ಗೆ ಬಂತು. ಒಬ್ಬನನ್ನು ತಪ್ಪಿಸಿದ, ಮತ್ತೊಬ್ಬನನ್ನು ತಪ್ಪಿಸಿದ. ಗೆರೆಯ ಪಕ್ಕ ಓಡುತ್ತಿದ್ದ ಅಂಬೊ ತಾನು ಲೈನ್ಸ್‌ಮನ್ ಎಂಬುದನ್ನು ಮರೆತ. ಅವನೂ ತಲಾಬಾನಿನವನೇ. ಟವೆಲ್ ಹಿಡಿದ ಕೈಯನ್ನು ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದ: "ಪಿತೊ! ಪಿತೊ!"

ಆಟಗಾರರ ಬೆನ್ನುಗಳ ಹಿಂದಿದ್ದ ಮೆಲೆಸಿಯೊಗೆ ಕಂಡದ್ದು ಎತ್ತಿದ ಟವೆಲ್. ಕೇಳಿಸಿದ್ದು ಸೀಟಿ, ಸೀಟಿ ಎಂದು. ಚೆಂಡು ಸಿಕ್ಕಾಗಲೇ ರುಬೆನ್ ಆಫ್‌ಸೈಡ್ ಆಗಿದ್ದ, ಊದು ಎಂದು ಅವನಿಗೆ ಅರ್ಥವಾಯಿತು. ತನ್ನ ಅಳಿಯನಾಗುವವನು ಎಂಬ ಹಿಂಜರಿಕೆಗೆ ಎಡೆ ಕೊಡಬಾರದೆಂದು ತಡಮಾಡದೆ ಊದಿದ. ನನ್ನೊಳಗಿನ ಗುಲಗಂಜಿ ಕುಣಿಯಿತು. ಅದರ ಬೆನ್ನಿಗೇ ರುಬೆನ್ ಒದ್ದ ಚೆಂಡು ಬಲೆಯೊಳಗೆ ಹೋಯಿತು.

ಸೀಟಿ ಆದ ಮೇಲೆ ಆಟ ಸತ್ತ ಹಾಗೆ. ಗೋಲು ಗೋಲಲ್ಲ. ಹೆಚ್ಚುವರಿ ಸಮಯದಲ್ಲಿ ಬೆಟ್ಟದವರು ಒಂದು ಹೊಡೆದರು, ಗೆದ್ದರು.

ಜನ ಕರಗಿದ ಮೇಲೆ ಅಂಬೊ, ಮೆಲೆಸಿಯೊ ಕುಳಿತಿದ್ದ ಮಾವಿನ ಮರದ ಕೆಳಗೆ ಬಂದ. ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ.

"ನಾನು ಹುಡುಗನ್ನ ಕೂಗಿದ್ದು ಕಣೋ ಮೆಲೆ. ನಿನ್ನನ್ನಲ್ಲ."

ಮೆಲೆಸಿಯೊ ಮೈದಾನದ ಕಡೆ ತಿರುಗಿದ. ಕೋಣಗಳು ಆಗಲೇ ಗೋಲಿನೊಳಗೆ ಮೇಯುತ್ತಿದ್ದವು.

"ಯಾರ ಹತ್ರನೂ ಹೇಳಬೇಡ. ನಿನ್ನ ಮನೆ ಮೇಲೆ ಕಲ್ಲು ಬೀಳುತ್ತೆ. ಊದಿದವನು ನಾನು."

ಮರುದಿನ ಬೆಳಿಗ್ಗೆ ರುಬೆನ್ ಎಂದಿನಂತೆ ಬಂದ. ನೀರು ಸೇದಿದ, ಹಂಡೆ ತುಂಬಿಸಿದ, ಕೊಡವನ್ನು ಬೋರಲು ಹಾಕಿದ. ಮೆಟ್ಟಿಲ ಮೇಲೆ ಕುಳಿತಿದ್ದ ಮೆಲೆಸಿಯೊನ ಎದುರು ನಿಂತ.

"ನಾನು ಈ ಮನೆಯವನಾಗ್ತೀನಿ ಅಂತ ಊದಿದ್ರಾ, ನೊಂಗ್?"

ಮೆಲೆಸಿಯೊ ಬಾಯಿ ತೆರೆದ. ಗೆಳೆಯನ ಹೆಸರು ನಾಲಿಗೆಯ ತನಕ ಬಂದಿರಬೇಕು. ಅವನ ಎದೆಯ ಮೇಲೆ ತೂಗುತ್ತಿದ್ದ ನನಗೆ ಆ ಉಸಿರು ತಾಗಿತು. ಸುಮ್ಮನಿದ್ದದ್ದನ್ನೇ ಉತ್ತರವೆಂದುಕೊಂಡು ರುಬೆನ್ ಹೊರಟ. ಒಳಗೆ ಎದಿತಾ ಅಕ್ಕಿ ಆರಿಸುತ್ತಿದ್ದಳು, ಮೊರದ ಸದ್ದು ನಿಂತಿತ್ತು. ಕೆಲವು ವಾರಗಳ ಮೇಲೆ ಅವನು ಇಲೊಯ್ಲೊ ಬಂದರಿನಿಂದ ಹಡಗಿನ ಕೆಲಸಕ್ಕೆ ಹೋದನೆಂದು ತಿಳಿಯಿತು. ಆ ಕಡೆಯ ಎಷ್ಟೋ ಗಂಡಸರು ಹೀಗೆಯೇ ಸಮುದ್ರಕ್ಕೆ ಹೋಗುತ್ತಾರೆ. ಆದರೆ ಅವರು ಹೇಳಿ ಹೋಗುತ್ತಾರೆ, ಅವನು ಎದಿತಾಳಿಗೂ ಹೇಳದೆ ಹೋದ.

ಮೆಲೆಸಿಯೊ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಭತ್ತ ಹಾಲುಗಟ್ಟುವ ಕಾಲದಲ್ಲಿ ಗುಬ್ಬಿ ಓಡಿಸಲು ನನ್ನನ್ನು ಗದ್ದೆಗೆ ಒಯ್ಯುತ್ತಿದ್ದ, ಅಷ್ಟೇ. ಹಕ್ಕಿಗಳು ಬೇಗನೆ ನನಗೆ ಹೆದರುವುದನ್ನು ಬಿಟ್ಟವು. ಅವನ ನೇರತನದ ಜಂಬವೇ ಊರಿನ ಗೋಲನ್ನು ತಿಂದಿತು ಎಂದು ಜನ ಹೇಳಿದರು. ಬೈಗುಳ ಕ್ರಮೇಣ ಸವೆಯಿತು, ಕನಿಕರ ಉಳಿಯಿತು. ಅದು ಇನ್ನೂ ಕಷ್ಟ. ಅವನ ಮುಂದೆ ಯಾರೂ ಏಳು ಎಂಬ ಸಂಖ್ಯೆ ಎತ್ತುತ್ತಿರಲಿಲ್ಲ. ಅಂಗಳದಲ್ಲಿ ಭತ್ತದ ಮೂಟೆ ಎಣಿಸುವಾಗ ಅನೊಮ್ ಎಂದು ಆರನ್ನು ಹೇಳಿ, ಮುಂದಿನದಕ್ಕೆ ತಲೆಯಾಡಿಸಿ, ವಾಲೊ ಎಂದು ಎಂಟಕ್ಕೆ ಹೋಗುತ್ತಿದ್ದರು. ಆ ಮನೆಯಲ್ಲಿ ಪಿತೊ ಎಂದರೆ ಕೊನೆಗೆ ನಾನೊಬ್ಬನೇ ಉಳಿದೆ.

ಅಂಬೊ ಕೊಟ್ಟ ಮಾತಿನಂತೆ ಯಾರಿಗೂ ಹೇಳದೆ ತೀರಿಕೊಂಡ. ಎದಿತಾ ಶಾಲೆಯಲ್ಲಿ ಟೀಚರ್ ಆದಳು. ಹೆಣ್ಣು ಕೇಳಿ ಬಂದವರಿಗೆಲ್ಲ ಬೇಡವೆಂದಳು. ಹೆಣ್ಣುಮಕ್ಕಳಿಗೆ ಫುಟ್ಬಾಲ್ ಕಲಿಸಿದಳು, ಪ್ಲಾಸ್ಟಿಕ್ ಸೀಟಿ ಊದಿ. ಮೊಳೆಯಲ್ಲಿದ್ದ ನನ್ನನ್ನು ಆಗಾಗ ಒರೆಸುತ್ತಿದ್ದಳು, ಬಾಯಿಗೆ ಮಾತ್ರ ಇಡುತ್ತಿರಲಿಲ್ಲ.

ಮೈದಾನದ ಅರ್ಧಕ್ಕೆ ತಗಡಿನ ಚಾವಣಿ ಬಂದು ಬಾಸ್ಕೆಟ್‌ಬಾಲ್ ಅಂಕಣವಾಯಿತು. ಮನಿಲಾದಲ್ಲಿ ಕ್ಲಬ್ಬುಗಳ ಲೀಗ್ ಹುಟ್ಟಿತು, ಟಿವಿಯಲ್ಲೂ ಬಂತು. ಕೆಲವು ವರ್ಷ ಆಡಿ ನಿಂತಿತು. ಇನ್ನೊಂದು ಲೀಗ್ ಹುಟ್ಟಿತು, ಕೆಲವು ತಂಡ ಬಂದವು, ಕೆಲವು ಹೋದವು. ಮೆಲೆಸಿಯೊ ಮಗಳ ಪಕ್ಕ ಕುಳಿತು ಎಲ್ಲವನ್ನೂ ನೋಡಿದ. ರೆಫರಿ ಸೀಟಿಯನ್ನು ಬಾಯಿಗಿಡುವುದು ಕಂಡರೆ ಟಿವಿಯ ದನಿ ತಗ್ಗಿಸುತ್ತಿದ್ದ. ಹೆಣ್ಣುಮಕ್ಕಳ ತಂಡ ವಿಶ್ವಕಪ್ಪಿಗೆ ಹೋದ ವರ್ಷ ಎದಿತಾ ಅತ್ತಳು, ಅವನೂ ಅತ್ತ. ಮರುವರ್ಷ ಸುಗ್ಗಿಗೆ ಮೊದಲು ಅವನು ಹೋದ.

ಸತ್ತವರಿಗಾಗಿ ಅಲ್ಲಿ ಒಂಬತ್ತು ದಿನ ಪ್ರಾರ್ಥನೆ ಮಾಡುತ್ತಾರೆ. ಹೇಳಿಕೊಡಲು ಪಕ್ಕದ ಊರಿನಿಂದ ಪೆತ್ರಾ ಎಂಬ ಮುದುಕಿ ಬರುತ್ತಿದ್ದಳು. ಒಂದು ಮಧ್ಯಾಹ್ನ ತಲೆ ನರೆತ ಒಬ್ಬ ಗಂಡಸು ಬಂದು ಬಾಗಿಲ ಬಳಿ ಕುಳಿತ. ಕೂತ ಬಗೆಯಲ್ಲೇ, ಎಡಗಾಲು ಚಾಚಿದ್ದರಲ್ಲೇ, ನನಗೆ ಗುರುತು ಸಿಕ್ಕಿತು. ಎದಿತಾಳಿಗೂ ಸಿಕ್ಕಿತು. ಒಂದು ಲೋಟ ನೀರು ತಂದಿಟ್ಟಳು. ಹಡಗಿನ ಕೆಲಸ ಮುಗಿಯಿತು ಎಂದಷ್ಟೇ ಅವನು ಹೇಳಿದ.

ದಿನಕ್ಕೊಂದು ಮೇಣದಬತ್ತಿ ಹೆಚ್ಚಿಸುವುದು ಪೆತ್ರಾಳ ಕ್ರಮ. ಅಂದು ಏಳನೆಯ ದಿನ. ಆ ಮನೆಯ ಕಟ್ಟುಪಾಡು ಅವಳಿಗೆ ತಿಳಿಯದು. ಪ್ರಾರ್ಥನೆಯ ನಡುವೆಯೇ, ಹಿಂದೆ ತಿರುಗದೆ, ಅಂಗೈ ಚಾಚಿ "ಪಿತೊ, ಇಂದಾಯ್" ಎಂದಳು. ಇಂದಾಯ್ ಎಂದರೆ ಮಗಳೇ. ಏಳು ಬತ್ತಿ ಕೊಡು ಎಂದು ಅರ್ಥ. ಎದಿತಾ ಎದ್ದಳು. ಗೋಡೆಯ ಮೊಳೆಯಿಂದ ನನ್ನನ್ನು ತೆಗೆದು ಆ ಅಂಗೈಯಲ್ಲಿಟ್ಟಳು.

ಪೆತ್ರಾ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ಹಚ್ಚೋದು ಹೇಗೆ ಮಗಳೇ?"

ಹೆಂಗಸರು ಸೆರಗಿನಂತೆ ಹೊದ್ದ ಕಪ್ಪು ಬಟ್ಟೆಯೊಳಗೆ ನಕ್ಕರು. ಸಾವಿನ ಮನೆಯಲ್ಲಿ ಅಷ್ಟು ನಗು ಇದ್ದೇ ಇರುತ್ತದೆ. ರುಬೆನ್ ನಗಲಿಲ್ಲ. ಅವನು ಮುದುಕಿಯ ಅಂಗೈಯಲ್ಲಿದ್ದ ನನ್ನನ್ನು ನೋಡಿದ, ಎದಿತಾಳ ಮುಖ ನೋಡಿದ, ಮತ್ತೆ ನನ್ನನ್ನು ನೋಡಿದ. ಗೋಡೆ ಹಿಡಿದು ನಿಧಾನವಾಗಿ ಎದ್ದ.

"ನೊಂಗ್ ಅಂಬೊ ಟವೆಲ್ ಎತ್ತಿ ಕೂಗಿದ್ದು," ಎಂದ. "ನನ್ನನ್ನ."

ಎದಿತಾಳ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು. ಅವಳು, "ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ," ಎಂದಳು. ಪೆತ್ರಾ ಪ್ರಾರ್ಥನೆಯನ್ನು ಬಿಟ್ಟಲ್ಲಿಂದ ಹಿಡಿದಳು.

ಒಂಬತ್ತನೆಯ ದಿನ ಬಂದವರಿಗೆಲ್ಲ ಊಟ. ರುಬೆನ್ ಬೆಳಿಗ್ಗೆಯೇ ಬಂದಿದ್ದ. ನಲ್ಲಿ ಇದ್ದರೂ ಹಳೆಯ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ. ಆಮೇಲೆ ಎದಿತಾಳ ಜೊತೆ ಅಂಗಳದಲ್ಲಿ ಬಾಳೆಲೆ ಹಾಸುತ್ತ ಬಂದ. ಅವಳು ಎಣಿಸುತ್ತಿದ್ದಳು. ಅನೊಮ್ ಎಂದವಳು ಅಭ್ಯಾಸದಂತೆ ಮುಂದಿನ ಎಲೆಗೆ ತಲೆಯಾಡಿಸಿದಳು.

"ಪಿತೊ," ಎಂದ ರುಬೆನ್, ಎಲೆ ಹಾಸುತ್ತ.

ಅವಳು ತಲೆಯೆತ್ತಲಿಲ್ಲ. "ವಾಲೊ," ಎಂದಳು, ಮುಂದಿನದಕ್ಕೆ ಹೋದಳು. ಮದುವೆಯ ವಯಸ್ಸು ಇಬ್ಬರಿಗೂ ದಾಟಿತ್ತು, ಮನಿಲಾದ ಆಟ ಯಾವತ್ತೋ ಮುಗಿದಿತ್ತು. ಊಟವಾದ ಮೇಲೆ ಅವನು ತನ್ನ ಮನೆಗೆ ಹೋದ.

ಈಗ ನಾನು ಮೆಲೆಸಿಯೊನ ಫೋಟೋದ ಮುಂದೆ ಇದ್ದೇನೆ. ಕೊಂಬು ಬಿರುಕು ಬಿಟ್ಟಿದೆ, ಗುಲಗಂಜಿ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ. ಊದಿದರೆ ಬರಿಯ ಗಾಳಿ. ನನ್ನಿಂದ ಹೊರಟ ಸದ್ದನ್ನು ನಾನು ಹಿಂದಕ್ಕೆ ಕರೆಯಲಾರೆ. ಯಾವ ಸೀಟಿಗೂ ಅದು ಬಾರದು. ಆದರೆ ಸಂಜೆ ಅಂಗಳದಲ್ಲಿ ಎದಿತಾ ಕೋಳಿಗಳನ್ನು ಗೂಡಿಗೆ ಸೇರಿಸುತ್ತ ಎಣಿಸುವಾಗ ನಾನು ಕಿವಿಗೊಡುತ್ತೇನೆ. ಆರರ ಮೇಲೆ ಅವಳು ಒಂದು ಕ್ಷಣ ನಿಲ್ಲುತ್ತಾಳೆ. ಆಮೇಲೆ ಆ ಮಾತನ್ನು ಹೇಳುತ್ತಾಳೆ. ಅದು ನನ್ನ ಹೆಸರಲ್ಲ ಎಂದು ಈಗ ನನಗೂ ಗೊತ್ತಾಗುತ್ತದೆ.